ಎಳನೀರು ಕುಡಿದ ಚಾರ್ಜರ್ ಮತ್ತು ಮಾಯಣ್ಣನವರ ಅಂಗಡಿಯ ಬೀಗ

ಹಸಿರು ಉದ್ಯೋಗ ಕೋಶದ ಮಾನ್ಯ ನಿರ್ದೇಶಕರೇ,

ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಹತ್ತಡಿ ಅಗಲವೂ ಇಲ್ಲದ ಒಂದು ಬ್ಯಾಟರಿ ರಿಪೇರಿ ಅಂಗಡಿಯಿದೆ. ಮಾಲೀಕರ ಹೆಸರು ಮಾಯಣ್ಣ. ಈ ತಿಂಗಳ ಐದನೇ ತಾರೀಖು ತಮ್ಮ ಕಚೇರಿಯವರು ಆ ಅಂಗಡಿಗೆ ಬೀಗ ಜಡಿದು, ಬೀಗಕ್ಕೆ ಬಟ್ಟೆ ಸುತ್ತಿ, ಬಟ್ಟೆಗೆ ಅರಗಿನ ಮುದ್ರೆ ಒತ್ತಿ ಹೋಗಿದ್ದಾರೆ. ಕಾರಣ, ಮಾಯಣ್ಣನವರ ಬಳಿ ತಮ್ಮ ಕೋಶದ ಸರ್ಟಿಫಿಕೇಟ್ ಇಲ್ಲ. ನನ್ನ ಬಳಿ ಇದೆ. ಪ್ರಥಮ ದರ್ಜೆ, ಸುತ್ತ ಎಲೆಬಳ್ಳಿಯ ಅಂಚು, ಕೆಳಗೆ ತಮ್ಮ ಸಹಿ. ಆದರೆ ನನಗೆ ಬ್ಯಾಟರಿ ರಿಪೇರಿ ಬರುವುದಿಲ್ಲ. ಅವರಿಗೆ ಬರುತ್ತದೆ. ಪತ್ರದ ಸಾರಾಂಶ ಇಷ್ಟೇ. ತಾವು ಅವಸರದಲ್ಲಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಒಬ್ಬರನ್ನು ಕಳುಹಿಸಿ ಬೀಗ ತೆಗೆಸಬಹುದು. ಅವಸರವಿಲ್ಲದಿದ್ದರೆ ಮುಂದೆ ಓದಿ. ಕುಳಿತುಕೊಳ್ಳಿ ಎಂದು ಹೇಳುವ ಅಗತ್ಯವಿಲ್ಲ, ಆ ವಿಷಯದಲ್ಲಿ ತಮಗೆ ತರಬೇತಿ ಬೇಕಾಗಿಲ್ಲ.

ಮೊದಲು ನನ್ನ ಅರ್ಹತೆಯನ್ನು ನಿವೇದಿಸಿಕೊಳ್ಳಬೇಕು. ನಾನು ಶಂಕರಪುರಂನವಳು, ಬಿ.ಕಾಂ. ಮುಗಿಸಿ ಒಂದು ವರ್ಷ ಮನೆಯಲ್ಲಿ ಎಲ್ಲರಿಗೂ ಅಡ್ಡವಾಗಿ ಓಡಾಡಿಕೊಂಡಿದ್ದವಳು. ಐದು ವರ್ಷದಲ್ಲಿ ಒಂದು ಲಕ್ಷ ಹಸಿರು ಉದ್ಯೋಗ ಎಂಬ ತಮ್ಮ ಜಾಹೀರಾತನ್ನು ಅಮ್ಮ ಕತ್ತರಿಸಿ ದೇವರ ಮನೆಯಲ್ಲಿಟ್ಟು, ಮೂರನೇ ದಿನಕ್ಕೆ ನನ್ನನ್ನು ತಮ್ಮ ವಿದ್ಯುತ್ ವಾಹನ ಬ್ಯಾಟರಿ ತಂತ್ರಜ್ಞರ ತರಬೇತಿಗೆ ಸೇರಿಸಿದಳು. ತರಗತಿ ನಡೆಯುತ್ತಿದ್ದುದು ಕಲ್ಯಾಣಮಂಟಪವೊಂದರ ಊಟದ ಹಾಲಿನಲ್ಲಿ. ಮುಹೂರ್ತವಿದ್ದ ದಿನ ನವಯುಗದ ತಂತ್ರಜ್ಞಾನಕ್ಕೆ ರಜೆ. ನಮ್ಮ ದುರದೃಷ್ಟಕ್ಕೆ ಆ ವರ್ಷ ಮುಹೂರ್ತಗಳು ಜಾಸ್ತಿಯಿದ್ದವು. ಉಳಿದ ದಿನಗಳಲ್ಲಿ ನಾವು ನಲವತ್ತೆರಡು ಮಂದಿ ಹಿಂದಿನ ದಿನದ ಹುಳಿಯ ವಾಸನೆಯ ನಡುವೆ ಕುಳಿತು, ಗೋಡೆಯ ಮೇಲೆ ಬೀಳುತ್ತಿದ್ದ ಬ್ಯಾಟರಿಯ ಚಿತ್ರ ನೋಡಿದೆವು. ಏಳನೇ ವಾರ ನಿಜವಾದ ಬ್ಯಾಟರಿಯೊಂದು ಬಂತು. ಅದನ್ನು ಗಾಜಿನ ಬೀರುವಿನೊಳಗೆ ಇಡಲಾಯಿತು. ಬೀರುವಿನ ಕೀಲಿ ಇದ್ದವರು ಗೃಹಪ್ರವೇಶಕ್ಕೆಂದು ಊರಿಗೆ ಹೋಗಿದ್ದರು. ಅವರು ಹಿಂತಿರುಗುವಷ್ಟರಲ್ಲಿ ನಾವು ತಂತ್ರಜ್ಞರಾಗಿಬಿಟ್ಟಿದ್ದೆವು.

ಆ ನಲವತ್ತೆರಡರಲ್ಲಿ ಮೂವತ್ತೊಂದು ಮಂದಿಗೆ ಹಸಿರು ಉದ್ಯೋಗ ದೊರಕಿದೆ ಎಂದು ತಮ್ಮ ವಾರ್ಷಿಕ ವರದಿ ಹೇಳುತ್ತದೆ. ಸುಳ್ಳಲ್ಲ. ಮೂವತ್ತೊಂದು ಜನರೂ ಬಾಡಿಗೆಯ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಮನೆಮನೆಗೆ ಬಿರಿಯಾನಿ ಮುಟ್ಟಿಸುತ್ತಿದ್ದಾರೆ. ಬಿರಿಯಾನಿ ಹೊತ್ತ ಗಾಡಿ ಹೊಗೆ ಬಿಡದಿದ್ದರೆ ಅದು ಹಸಿರು ಉದ್ಯೋಗ ಎನ್ನುವುದಾದರೆ, ತಲೆಯ ಮೇಲೆ ಸೇವಂತಿಗೆ ಮೂಟೆ ಹೊತ್ತು ಕೆ.ಆರ್. ಮಾರುಕಟ್ಟೆಯ ಮೆಟ್ಟಿಲು ಹತ್ತುವ ಹಮಾಲಿಯಷ್ಟು ಹಸಿರು ಮನುಷ್ಯ ಈ ಊರಿನಲ್ಲಿ ಇನ್ನೊಬ್ಬನಿಲ್ಲ. ಅವನನ್ನೂ ಲೆಕ್ಕಕ್ಕೆ ಸೇರಿಸಿಕೊಂಡರೆ ತಮ್ಮ ಒಂದು ಲಕ್ಷ ಈ ಶನಿವಾರಕ್ಕೇ ಮುಗಿಯುತ್ತದೆ. ಯಾಕೆ ಐದು ವರ್ಷ ಕಾಯುತ್ತೀರಿ?

ಈಗ ತಾವು ಮರೆತಿರಲು ಇಷ್ಟಪಡುವ ಶುಕ್ರವಾರಕ್ಕೆ ಬರುತ್ತೇನೆ. ಚಾಮರಾಜಪೇಟೆಯಲ್ಲಿ ತಮ್ಮ ಸೌರ ಚಾರ್ಜಿಂಗ್ ಕೇಂದ್ರದ ಉದ್ಘಾಟನೆ. ಪ್ರಥಮ ದರ್ಜೆಯವಳೆಂದು ನನ್ನನ್ನೂ ಕರೆಸಿದ್ದಿರಿ. ಹತ್ತೂವರೆಗೆ ರಾಹುಕಾಲ, ತಾವು ಬಂದಾಗ ಹತ್ತು ಇಪ್ಪತ್ತು. ಚಾರ್ಜರಿಗೆ ಅರಿಶಿನ ಕುಂಕುಮ ಹಚ್ಚಿ, ಮಲ್ಲಿಗೆ ಹಾರ ಹಾಕಿ, ಅದರ ಬುಡದಲ್ಲಿ ನಿಂಬೆಹಣ್ಣಿಟ್ಟಿದ್ದಾಗಿತ್ತು. ಅಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ, ನಮ್ಮ ಮನೆಯ ಮಿಕ್ಸಿಗೂ ಆಯುಧಪೂಜೆಯಲ್ಲಿ ಅದೇ ಮರ್ಯಾದೆ ಸಿಗುತ್ತದೆ. ಕಾಯಿ ಒಡೆಯಲು ಮಾತ್ರ ಕಲ್ಲು ಸಿಗಲಿಲ್ಲ. ಇದ್ದ ಕಲ್ಲುಗಳನ್ನೆಲ್ಲ ಎತ್ತಿಸಿ ತಾವು ಟೈಲ್ಸ್ ಹಾಕಿಸಿದ್ದಿರಿ. ಮುಹೂರ್ತ ಮೀರುತ್ತಿತ್ತು. ಸುತ್ತ ಕಣ್ಣಾಡಿಸಿದಿರಿ. ಆ ಆವರಣದಲ್ಲಿ ಗಟ್ಟಿಯಾಗಿ ಕಂಡ ಒಂದೇ ಒಂದು ವಸ್ತುವೆಂದರೆ ಚಾರ್ಜರಿನ ಉಕ್ಕಿನ ಅಂಚು. ತಾವು ಅದರ ಮೇಲೇ ಒಡೆದಿರಿ. ಒಂದೇ ಏಟಿಗೆ ಎರಡು ಸಮಭಾಗ, ಚಪ್ಪಾಳೆ. ಕಾಯಿಯ ನೀರು ನೇರವಾಗಿ, ಗಾಡಿಗೆ ಚುಚ್ಚುವ ಚಾರ್ಜರಿನ ಗನ್ನಿನೊಳಗೆ ಇಳಿಯಿತು. ಚಟ್ ಎಂದು ಒಂದು ಸದ್ದು, ಪರದೆ ಕಪ್ಪಾಯಿತು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

ಪ್ರಥಮ ದರ್ಜೆಯ ತಂತ್ರಜ್ಞೆಯಾದ ನಾನು ಆಗ ಏನು ಮಾಡಿದೆ? ಎರಡು ಹೆಜ್ಜೆ ಹಿಂದೆ ಸರಿದೆ. ನಿಂತು ನೋಡುತ್ತಿದ್ದ ಜನರ ನಡುವಿನಿಂದ ಐವತ್ತೆಂಟು ವರ್ಷದ, ಖಾಕಿ ಅಂಗಿಯ ಒಬ್ಬರು ಮುಂದೆ ಬಂದರು.

“ಯಾರೂ ಮುಟ್ಬೇಡಿ ಸ್ವಾಮಿ. ಮೊದ್ಲು ಮೇನ್ ಆಫ್ ಮಾಡ್ಸಿ.”

“ಯಾರ್ರೀ ನೀವು?” ಎಂದವರು ತಮ್ಮ ತರಬೇತಿ ಸಂಯೋಜಕರಾದ ಗೌರೀಶ್.

“ಪಕ್ಕದ ರೋಡಲ್ಲಿ ಬ್ಯಾಟರಿ ಅಂಗಡಿ ಸಾರ್, ಮಾಯಣ್ಣ ಅಂತ.”

“ಕಂಪನಿ ಇಂಜಿನಿಯರ್ ಬರ್ತಾರೆ, ನೀವು ಆ ಕಡೆ ಇರಿ.”

“ಅವ್ರು ಬರೋಷ್ಟ್ರಲ್ಲಿ ಒಳಗಡೆ ತಾಮ್ರ ಎಲ್ಲಾ ಹಸಿರು ಹಿಡ್ಕೊಂಡಿರುತ್ತೆ. ಎಳನೀರು ಮನುಷ್ಯರಿಗೆ ಒಳ್ಳೇದು ಸಾರ್, ಇದಕ್ಕಲ್ಲ.”

ಇಡೀ ಸಮಾರಂಭದಲ್ಲಿ ಹಸಿರಿನ ಬಗ್ಗೆ ಕೇಳಿಬಂದ ಏಕೈಕ ತಾಂತ್ರಿಕ ಮಾತು ಅದು. ಮಾಯಣ್ಣ ಮೇನ್ ಆಫ್ ಮಾಡಿಸಿ, ಗನ್ನನ್ನು ಬಿಚ್ಚಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆದರು. ಎದುರಿನ ಬ್ಯೂಟಿ ಪಾರ್ಲರಿನಿಂದ ವೈರು ಎಳೆದು ಹೇರ್ ಡ್ರೈಯರಿನಿಂದ ಒಣಗಿಸಿದರು. ಹೇರ್ ಡ್ರೈಯರ್ ಕೇಳಿ ತಂದವಳು ನಾನು, ತರಬೇತಿ ವ್ಯರ್ಥವಾಗಲಿಲ್ಲ ಎಂದು ದಾಖಲಿಸಿಕೊಳ್ಳಿ. ಮುಕ್ಕಾಲು ಗಂಟೆಯಲ್ಲಿ ಪರದೆ ಬೆಳಗಿತು. ಕೂಡಲೇ ಗೌರೀಶ್ ಅವರು ಮಾಯಣ್ಣನವರ ಭುಜ ಮುಟ್ಟಿ, “ಸ್ವಲ್ಪ ಈ ಕಡೆ ಬನ್ನಿ, ಫ್ರೇಮಲ್ಲಿ ಬರ್ತಿದೀರ” ಎಂದು ಪಕ್ಕಕ್ಕೆ ಸರಿಸಿದರು. ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟು, “ಮೇಡಂ, ಇದನ್ನ ಹಿಡ್ಕೊಂಡು ಸ್ಮೈಲ್ ಮಾಡಿ” ಎಂದರು. ನಾನು ಸ್ಮೈಲ್ ಮಾಡಿದೆ. ಈ ಪ್ರಕರಣದಲ್ಲಿ ನನ್ನ ಪಾಲಿನ ಅಪರಾಧ ಅದೇ, ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ಹದಿನೈದು ದಿನಕ್ಕೆ ತಮ್ಮ ಕಚೇರಿಯ ಕಾಂಪೌಂಡಿನ ಮೇಲೆ ನಾನು ಮೂಡಿದೆ. ಹತ್ತಡಿ ಎತ್ತರ, ಹಸಿರು ಜಾಕೆಟ್, ತಲೆಗೆ ಹೆಲ್ಮೆಟ್, ಸ್ಕ್ರೂಡ್ರೈವರನ್ನು ಪೆನ್ನಿನಂತೆ ಹಿಡಿದ ಕೈ. ಕೆಳಗೆ, ‘ಈ ಕೋಶ ನನ್ನ ಬದುಕನ್ನೇ ಬದಲಿಸಿತು.’ ಪರಿಸರ ಉಳಿಸುವ ಕಚೇರಿ ಪ್ಲಾಸ್ಟಿಕ್ ಫ್ಲೆಕ್ಸಿನ ಮೇಲೆ ನನ್ನನ್ನು ಅಚ್ಚು ಹಾಕಿಸಿದ್ದನ್ನು ನೋಡಿ ನಮ್ಮ ಬೀದಿಯವರು ಅಮ್ಮನಿಗೆ ಫೋನ್ ಮಾಡಿ ಅಭಿನಂದಿಸಿದರು. ನಾನು ಮಾಯಣ್ಣನವರ ಅಂಗಡಿಗೆ ಕ್ಷಮೆ ಕೇಳಲು ಹೋದೆ. ಅವರ ಹೆಂಡತಿ ಮುನಿಲಕ್ಷ್ಮಮ್ಮ ಬಾಗಿಲಲ್ಲೇ ಕುಳಿತಿದ್ದರು.

“ಬಂದ್ಲು ನೋಡಿ ಇಂಜಿನಿಯರಮ್ಮ. ಕೂತ್ಕೊಳವ್ವ, ಕಾಫಿ ಕುಡಿ. ಆಮೇಲೆ ನಮ್ಮನೆ ಮಿಕ್ಸಿ ತಿರುಗ್ತಿಲ್ಲ, ಸ್ವಲ್ಪ ನೋಡ್ಕೊಟ್ಟು ಹೋಗು.”

“ಸುಮ್ನಿರು ಲಕ್ಷ್ಮಿ,” ಎಂದರು ಮಾಯಣ್ಣ ತಲೆಯೆತ್ತದೆ. “ಫೋಟೋದಲ್ಲಿ ಚೆನ್ನಾಗಿ ಬಂದಿದೀಯ ಬಿಡಮ್ಮ. ನಾನು ನಿಂತಿದ್ರೆ ಕೆಡ್ತಿತ್ತು.”

ಆ ದಿನದಿಂದ ಸಂಜೆಯ ಕಾಫಿ ನನಗೆ ಅಲ್ಲೇ ಆಗುತ್ತಿತ್ತು. ಆದ್ದರಿಂದ ಬೀಗ ಬೀಳುವ ಹಿಂದಿನ ದಿನ ಅವರ ಮೇಜಿನ ಮೇಲಿದ್ದ ಬ್ಯಾಟರಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅದು ಮಾರಕ್ಕನವರ ಎಲೆಕ್ಟ್ರಿಕ್ ಲಗೇಜ್ ಆಟೊದ್ದು. ಮಾರಕ್ಕ ಕೆ.ಆರ್. ಮಾರುಕಟ್ಟೆಯಿಂದ ಓಕಳಿಪುರಂವರೆಗೆ ಹೂವಿನಂಗಡಿಗಳಿಗೆ ಮಾಲು ಹಾಕುವವರು. ಇಡೀ ಬ್ಯಾಟರಿ ಬಿಸಾಕಿ ಹೊಸದು ಹಾಕಿಸಿ ಎಂದು ಷೋರೂಮಿನವರು ಹೇಳಿ ಕಳುಹಿಸಿದ್ದರಂತೆ. ಮಾಯಣ್ಣ ಒಳಗಿನ ಒಂದೊಂದೇ ಸೆಲ್ಲಿಗೆ ಮೀಟರ್ ಮುಟ್ಟಿಸಿ ನೋಡಿ ಹೇಳಿದ್ದು ಹೀಗೆ: “ಸತ್ತಿರೋದು ನಾಲ್ಕು. ಅದಕ್ಕೆ ಮನೆಯವ್ರನ್ನೆಲ್ಲ ಹೂತಾಕಕ್ಕಾಗುತ್ತಾ?” ನಾಲ್ಕು ಸೆಲ್ ಬದಲಿಸಿದರೆ ಒಂದು ಬ್ಯಾಟರಿ ಕಸಕ್ಕೆ ಬೀಳುವುದು ತಪ್ಪುತ್ತದೆ, ಒಂದು ಗಾಡಿ ಓಡುತ್ತದೆ, ಒಬ್ಬ ಹೆಂಗಸಿನ ಸಂಸಾರ ನಡೆಯುತ್ತದೆ. ತಮ್ಮ ಸ್ಲೈಡುಗಳಲ್ಲಿ ಬಾಣದ ಗುರುತು, ವೃತ್ತ, ಎಲೆ ಎಲ್ಲ ಹಾಕಿ ತೋರಿಸುತ್ತಿದ್ದುದು ಇದನ್ನೇ ಅಲ್ಲವೇ ಸ್ವಾಮಿ? ಅದು ಈಗಾಗಲೇ ನಡೆಯುತ್ತಿದ್ದ ಊರಿನ ಒಂದೇ ಜಾಗಕ್ಕೆ ಹುಡುಕಿಕೊಂಡು ಹೋಗಿ ಬೀಗ ಹಾಕಿದ್ದೀರಿ.

ಲಿಥಿಯಂ ಬ್ಯಾಟರಿ ಹೊತ್ತಿಕೊಂಡು ಉರಿಯುತ್ತದೆ, ಆದ್ದರಿಂದ ಕಂಡಕಂಡವರು ಬಿಚ್ಚಬಾರದು ಎನ್ನುತ್ತದೆ ತಮ್ಮ ನೋಟಿಸು. ಒಪ್ಪಿದೆ. ಮಾಯಣ್ಣನವರೂ ಒಪ್ಪುತ್ತಾರೆ. ಅದಕ್ಕೇ ಅವರ ಅಂಗಡಿಯಲ್ಲಿ ನಾಲ್ಕು ಬಕೆಟ್ ಮರಳಿದೆ, ಅನುಮಾನ ಬಂದ ಬ್ಯಾಟರಿ ಇಡಲು ಹೊರಗೆ ಕಬ್ಬಿಣದ ಪೆಟ್ಟಿಗೆಯಿದೆ. ತಮ್ಮ ಪರಿವೀಕ್ಷಕರು ಮರಳನ್ನು ನೋಡಲಿಲ್ಲ, ಪೆಟ್ಟಿಗೆ ತೆರೆಯಲಿಲ್ಲ. ಕೇಳಿದ್ದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಮಾಯಣ್ಣ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸರ್ಟಿಫಿಕೇಟ್ ಇಲ್ಲದೆ ಅಂಗಡಿಯಿಲ್ಲ. ತರಬೇತಿಯಿಲ್ಲದೆ ಸರ್ಟಿಫಿಕೇಟ್ ಇಲ್ಲ. ತರಬೇತಿಗೆ ಎಸ್ಸೆಸ್ಸೆಲ್ಸಿ ಆಗಿರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ಅಂದರೆ ಅವರು ಮೊದಲು ಹತ್ತನೇ ಕ್ಲಾಸು ಪಾಸು ಮಾಡಿ, ಆಮೇಲೆ ಇಪ್ಪತ್ತಮೂರು ವರ್ಷ ಚಿಕ್ಕವರಾಗಿ ಬಂದರೆ, ಗಾಜಿನ ಬೀರುವಿನಲ್ಲಿರುವ ಬ್ಯಾಟರಿಯನ್ನು ದೂರದಿಂದ ತೋರಿಸಲು ತಾವು ಸಿದ್ಧರಿದ್ದೀರಿ.

ಇನ್ನೊಂದು ತಪ್ಪೊಪ್ಪಿಗೆ ಬಾಕಿಯಿದೆ. ಬೀಗ ಬಿದ್ದ ಎರಡನೇ ದಿನ, ತಮ್ಮ ಕಾಂಪೌಂಡಿನ ಮೇಲಿನ ನನ್ನ ಮುಖದ ಮೇಲೆ ಮಾಯಣ್ಣನವರ ಮುಖವನ್ನು ಅಂಟಿಸಿದವಳು ನಾನು. ಬಿಳಿ ಮೀಸೆ ಸಮೇತ. ನನ್ನ ಹೆಸರಿದ್ದ ಜಾಗದಲ್ಲಿ ಅವರ ಹೆಸರು, ಅಂಗಡಿಯ ವಿಳಾಸ. ಬದುಕನ್ನೇ ಬದಲಿಸಿತು ಎಂಬ ವಾಕ್ಯವನ್ನು ಮಾತ್ರ ಹಾಗೇ ಬಿಟ್ಟೆ, ಅದರಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ಹಾಡಹಗಲು, ಏಣಿ ಹಾಕಿಕೊಂಡು ಅಂಟಿಸಿದೆ. ತಮ್ಮ ಕಾವಲುಗಾರರು ಏಣಿ ಹಿಡಿದುಕೊಂಡರು. ಹನ್ನೊಂದು ದಿನ ತಮ್ಮ ಕಚೇರಿಯ ಜೀಪು ಆ ಮೀಸೆಯ ಕೆಳಗೇ ಓಡಾಡಿತು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬದಲಿಗೆ, ಮಾಯಣ್ಣನವರ ಮುಚ್ಚಿದ ಶಟರಿನ ಸಂದಿಯಲ್ಲಿ ಒಂದು ಲಕೋಟೆ ಬಂದು ಕುಳಿತಿತು. ‘ನಮ್ಮ ಹೆಮ್ಮೆಯ ಸಾಧಕರಾದ ತಾವು ಹೊಸ ತಂಡದ ಶಿಬಿರಾರ್ಥಿಗಳನ್ನು ಉದ್ದೇಶಿಸಿ ಮಾತನಾಡಬೇಕೆಂದು ಕೋರಲಾಗಿದೆ. ಇಪ್ಪತ್ತಾರನೇ ತಾರೀಖು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ, ನೆಲಮಹಡಿಯ ಸಭಾಂಗಣ.’ ತಮ್ಮ ಸಹಿ. ಶಟರಿಗೆ ಅಂಟಿಸಿದ ಹಳೆಯ ನೋಟಿಸಿನಲ್ಲಿ ಏನಿದೆ ಗೊತ್ತೇ? ‘ಅನಧಿಕೃತ ವ್ಯಕ್ತಿಯಾದ ನೀವು ವಿಚಾರಣೆಗೆ ಹಾಜರಾಗತಕ್ಕದ್ದು. ಇಪ್ಪತ್ತಾರನೇ ತಾರೀಖು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಎರಡನೇ ಮಹಡಿ.’ ತಮ್ಮದೇ ಸಹಿ. ತಿಂಗಳ ಕೊನೆಯ ಗುರುವಾರ ಮಾತ್ರ ತಾವು ಈ ಕಚೇರಿಗೆ ದಯಮಾಡಿಸುವುದರಿಂದ ಸನ್ಮಾನ ಮತ್ತು ಶಿಕ್ಷೆ ಎರಡಕ್ಕೂ ಅದೊಂದೇ ದಿನ ಉಳಿದಿದೆ.

ಎರಡು ಕಾಗದಗಳನ್ನೂ ಓದಿ ಹೇಳಿದೆ. ಮುನಿಲಕ್ಷ್ಮಮ್ಮ ತುಂಬ ದಿನದ ಮೇಲೆ ನಕ್ಕರು. ಮಾಯಣ್ಣ ನಗಲಿಲ್ಲ.

“ಇಪ್ಪತ್ತಾರಾ?” ಎಂದರು. “ಅಲ್ಲಿಗಂಟ ಮಾರಕ್ಕಂದು ತಡೆಯಲ್ಲಮ್ಮ.”

ಇದು ತಮಾಷೆಯಲ್ಲ, ದಯವಿಟ್ಟು ಗಮನವಿಟ್ಟು ಓದಿ. ಪರಿವೀಕ್ಷಕರು ಬಂದಾಗ ಆ ಬ್ಯಾಟರಿ ಮೇಜಿನ ಮೇಲೆ ಬಿಚ್ಚಿಕೊಂಡೇ ಇತ್ತು. ಅದರ ಸಣ್ಣ ಬೋರ್ಡು ಸುಮ್ಮನಿದ್ದರೂ ಒಳಗಿನ ಕರೆಂಟನ್ನು ಹನಿಹನಿಯಾಗಿ ಕುಡಿಯುತ್ತಲೇ ಇರುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಒಳ್ಳೆಯ ಸೆಲ್‌ಗಳೂ ಸಾಯುತ್ತವೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. “ಒಂದು ವೈರು ಬಿಚ್ಬಿಡ್ತೀನಿ ಸಾರ್, ಎರಡು ನಿಮಿಷ” ಎಂದು ಮಾಯಣ್ಣ ಕೈಮುಗಿದರು. ಅದು ಜಪ್ತಿಯಾದ ಮಾಲು, ಮುಟ್ಟುವ ಹಾಗಿಲ್ಲ ಎಂದರು ತಮ್ಮವರು. ಮಾಯಣ್ಣನವರ ಅಂದಾಜಿನಲ್ಲಿ ಅದಕ್ಕೆ ಉಳಿದಿರುವುದು ಇಪ್ಪತ್ತಮೂರನೇ ತಾರೀಖಿನವರೆಗೆ. ಇವತ್ತು ಹತ್ತೊಂಬತ್ತು. ಮಾರಕ್ಕ ಈಗ ಹೂವಿನ ಮೂಟೆಯನ್ನು ತಲೆಯ ಮೇಲೆ ಹೊತ್ತು, ಸಿಟಿ ಬಸ್ಸಿನ ಕಂಡಕ್ಟರುಗಳ ಹತ್ತಿರ ಬೈಸಿಕೊಂಡು ಓಕಳಿಪುರಂಗೆ ಹೋಗುತ್ತಿದ್ದಾರೆ. ತಮ್ಮ ಮುಂದಿನ ವರದಿಗೆ ಮತ್ತೊಂದು ಹಸಿರು ಉದ್ಯೋಗ ಸೃಷ್ಟಿಯಾಗಿದೆ.

ಆದ್ದರಿಂದ ನನ್ನ ಬೇಡಿಕೆ. ಇಪ್ಪತ್ತಮೂರರೊಳಗೆ ಆ ಶಟರನ್ನು ತೆಗೆಸಿ. ಮಾರಕ್ಕನವರ ಬ್ಯಾಟರಿಯನ್ನು ಮಾಯಣ್ಣನವರ ಕೈಗೆ ಕೊಡಿ. ಅವರ ಕೆಲಸವನ್ನು ಪರೀಕ್ಷಿಸಲೇಬೇಕೆಂದರೆ ಬ್ಯಾಟರಿ ಬಲ್ಲ ಒಬ್ಬರನ್ನು ಕಳುಹಿಸಿ, ಅವರ ಎದುರಿಗೇ ಮಾಡಿ ತೋರಿಸುತ್ತಾರೆ. ಅಂಥವರು ತಮ್ಮ ಕೋಶದಲ್ಲಿ ಯಾರೂ ಇಲ್ಲದಿದ್ದರೆ ಅದನ್ನಾದರೂ ಲಿಖಿತವಾಗಿ ತಿಳಿಸಿ. ನನ್ನ ಸರ್ಟಿಫಿಕೇಟನ್ನು ಇದರೊಂದಿಗೆ ಹಿಂತಿರುಗಿಸಿದ್ದೇನೆ. ಪೋಸ್ಟರಿನ ವಿಷಯದಲ್ಲಿ ನನ್ನ ಮೇಲೆ ಕ್ರಮ ಕೈಗೊಳ್ಳುವುದಾದರೆ ವಿಚಾರಣೆಯನ್ನು ಮೊದಲನೇ ಮಹಡಿಯಲ್ಲಿ ಇಡಿ, ಅದೊಂದು ಖಾಲಿಯಿದೆ.

ಇಪ್ಪತ್ತಾರಕ್ಕೆ ಮಾಯಣ್ಣ ಬರುತ್ತಾರೆ. ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದಾರೆ. ಅನಧಿಕೃತ ವ್ಯಕ್ತಿಯಾಗಿ ಮೇಲೆ ಹತ್ತಬೇಕೋ, ಹೆಮ್ಮೆಯ ಸಾಧಕರಾಗಿ ಕೆಳಗೇ ನಿಲ್ಲಬೇಕೋ ತಿಳಿಸಿ. ಈ ಪತ್ರ ಬರೆಯುತ್ತಿದ್ದೇನೆ, ನಿಮ್ಮ ಕಡೆಯಿಂದ ಏನಾದರೂ ಸೇರಿಸಬೇಕಾ ಎಂದು ಅವರನ್ನು ಕೇಳಿದೆ. ಹೇಳಿದರು: “ಆ ಚಾರ್ಜರ್ ಗನ್ನಿಗೆ ಇನ್ನೂ ಮುಚ್ಚಳ ಹಾಕ್ಸಿಲ್ಲ ಅವ್ರು. ಮಳೆ ಬರೋಷ್ಟ್ರಲ್ಲಿ ಹಾಕ್ಸಕ್ಕೆ ಹೇಳಮ್ಮ, ಕೆಟ್ಟೋಗುತ್ತೆ.”

ಹೇಳಿದ್ದೇನೆ.

ಇಂತಿ,
ತಮ್ಮ ಪೋಸ್ಟರಿನಲ್ಲಿ ಈಗ ಬರೀ ಕೈಯಾಗಿ ಉಳಿದಿರುವ,
ಅದರಲ್ಲೂ ಸ್ಕ್ರೂಡ್ರೈವರನ್ನು ತಪ್ಪಾಗಿ ಹಿಡಿದಿರುವ,
ಯಶಶ್ರೀ
ಶಂಕರಪುರಂ, ಬೆಂಗಳೂರು