ಯಾಮಿನಿಯ ಕಿಡ್ನಿ

ಡೊಂಬಿವಲಿ ಪೂರ್ವ
೨೨ ಜೂನ್ ೨೦೨೪, ಶನಿವಾರ

ಅಭಿಯ ಆಪರೇಷನ್ ಬರುವ ಬುಧವಾರ, ಠಾಣೆ ಊರಿನ ಆಸ್ಪತ್ರೆಯಲ್ಲಿ. ಕಿಡ್ನಿ ಕೊಡುವವಳು ಅವನ ಹೆಂಡತಿ ಯಾಮಿನಿ.

ಪ್ರೀತಿಯ ಸುಲೋಚನಾ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬಾಕಿ. ಕ್ಷಮಿಸು. ನೀನು ಕಳಿಸಿದ ಹಂಗೇರಿಯನ್ ಕಾದಂಬರಿಯ ಅನುವಾದದ ಓದು ಮೊದಲ ಅಧ್ಯಾಯದಲ್ಲೇ ನಿಂತಿದೆ. ಮಗನ ಡಯಾಲಿಸಿಸ್ ಇಲ್ಲದ ದಿನ ನವಿ ಮುಂಬೈಯ ಲ್ಯಾಬು, ಲ್ಯಾಬು ಇಲ್ಲದ ದಿನ ಡಯಾಲಿಸಿಸ್.

ಅಭಿ ಹೇಗಿದ್ದಾನೆ ಎಂದು ನೀನು ಕೇಳಿದ್ದೆ. ಕಾಲು ಊದಿದೆ, ನೀರನ್ನು ಅಳೆದು ಕುಡಿಯುತ್ತಾನೆ, ತಮಾಷೆ ಬಿಟ್ಟಿಲ್ಲ. "ಅಮ್ಮಾ, ನಿನ್ನ ಲ್ಯಾಬಿನ ಇಲಿಗಳಿಗೂ ಇಷ್ಟು ಸೇವೆ ಮಾಡ್ತೀಯಾ?" ಎನ್ನುತ್ತಾನೆ. ಆ ಇಲಿಗಳ ಕೆಲಸ ನಿನಗೆ ಗೊತ್ತು. ಮೂತ್ರಪಿಂಡಕ್ಕೆ ರಕ್ತ ನಿಲ್ಲಿಸಿ ಮತ್ತೆ ಹರಿಯಬಿಟ್ಟಾಗ ಅಂಗಾಂಶಕ್ಕೆ ಆಗುವ ಗಾಯವನ್ನು ಅಳೆಯುತ್ತೇವೆ. ಕಸಿ ಮಾಡಿದ ಕಿಡ್ನಿಗೂ ಅದೇ ಗಾಯ, ರಕ್ತ ಮರಳುವ ಗಳಿಗೆಯಲ್ಲೇ. ಇಷ್ಟು ವರ್ಷವೂ ಪಡೆದವರ ಅಂಗಾಂಶವನ್ನೇ ನೋಡಿದ್ದೇನೆ. ಕೊಟ್ಟವರ ಬಗ್ಗೆ ನನ್ನ ಯಾವ ಪ್ರಬಂಧದಲ್ಲೂ ಒಂದು ಸಾಲಿಗಿಂತ ಹೆಚ್ಚಿಲ್ಲ.

ಕಳೆದ ವಾರ ಕಸಿ ವಿಭಾಗದ ಡಾಕ್ಟರ್ ಮೋಹನದಾಸ ಯಾಮಿನಿಯನ್ನು ಮಾತಾಡಿಸಿದರು. ಕೊಡುವವರನ್ನು ಒಬ್ಬರನ್ನೇ ಕೂರಿಸಿ, ಮನಸ್ಸಿದೆಯೇ ಎಂದು ಕೇಳುವುದು ಪದ್ಧತಿ. ಇಲ್ಲ ಎಂದರೆ, ಕಿಡ್ನಿ ಹೊಂದುವುದಿಲ್ಲ ಎಂದಷ್ಟೇ ಮನೆಯವರಿಗೆ ತಿಳಿಸುತ್ತಾರೆ. ನಿಜವಾದ ಕಾರಣ ಆ ಕೋಣೆ ಬಿಟ್ಟು ಬರುವುದಿಲ್ಲ. ನಾನು ಹೊರಹೋಗಲು ಎದ್ದೆ. "ನೀವು ನಮ್ಮವರೇ ಅಲ್ವಾ ಮೇಡಂ, ಕೂತ್ಕೊಳ್ಳಿ," ಎಂದರು. ಕೂತೆ. ಯಾಮಿನಿ ನನ್ನ ಕಡೆ ಒಮ್ಮೆ ನೋಡಿ, "ಹೌದು, ಮನಸ್ಸಿದೆ," ಎಂದಳು.

ನಿನ್ನೆ ವಟಪೂರ್ಣಿಮೆ, ಗಂಡನ ಆಯುಷ್ಯಕ್ಕೆಂದು ಇಲ್ಲಿಯವರು ಮಾಡುವ ವ್ರತ. ಸೊಸೈಟಿಯ ಹೆಂಗಸರು ಆಲದ ಮರಕ್ಕೆ ದಾರ ಸುತ್ತುವಾಗ ಮೊದಲ ಸುತ್ತನ್ನು ಅವಳಿಂದಲೇ ಹಾಕಿಸಿದರು. "ಹೀಚ್ ಆಮಚೀ ಖರೀ ಸಾವಿತ್ರೀ!" ಇವಳೇ ನಮ್ಮ ನಿಜವಾದ ಸಾವಿತ್ರಿ ಎಂದು ಕೆಳಮನೆಯ ಮರಾಠಿ ಕಾಕು ಅವಳ ಗಲ್ಲ ಸವರಿದರು. ನನ್ನ ಗಂಡ ಸೂರ್ಯನಾರಾಯಣ ಫೋಟೋ ತೆಗೆದು ಬಂಧುಗಳಿಗೆಲ್ಲ ಕಳಿಸಿದರು.

ಇವತ್ತು ಕೊನೆಯ ರಕ್ತಪರೀಕ್ಷೆ ಮುಗಿಸಿ ನಾವಿಬ್ಬರೂ ಠಾಣೆಯಿಂದ ಲೋಕಲ್ ಹತ್ತಿದೆವು. ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂಬ್ರಾ ದಾಟಿದ ಮೇಲೆ ಯಾಮಿನಿ ನನ್ನ ಕಿವಿಯ ಹತ್ತಿರ ಬಂದು, "ಮಮ್ಮೀ, ನಂಗೆ ಕೊಡಕ್ಕೆ ಮನಸ್ಸಿಲ್ಲ," ಎಂದಳು.

ಹೆದರಿಕೆಯೇ ಎಂದು ಕೇಳಿದೆ.

"ಡರ್ ನಹೀಂ ಹೈ. ಅಭಿ ಮೇಲೆ ಸಿಟ್ಟೂ ಇಲ್ಲ. ಆದ್ರೆ ಕೊಡ್ತೀಯಾ ಅಂತ ಯಾರೂ ಕೇಳ್ಲೇ ಇಲ್ಲ. ರಿಪೋರ್ಟ್ ಬಂದ ದಿನಾನೇ ಎಲ್ಲರೂ ಥ್ಯಾಂಕ್ಸ್ ಹೇಳ್ಬಿಟ್ರು. ಥ್ಯಾಂಕ್ಸ್ ಕೇ ಬಾದ್ ನಾ ಕೈಸೇ ಬೋಲೂಂ? ಆಮೇಲೆ ಇಲ್ಲ ಅಂತ ಹೇಗೆ ಹೇಳ್ಲಿ?"

"ಡಾಕ್ಟರ್ ಕೇಳಿದರಲ್ಲಮ್ಮ."

"ನೀವು ಪಕ್ಕದಲ್ಲೇ ಕೂತಿದ್ರಿ."

"ದಿವಾ ಉತರನಾ ಹೈ ಕ್ಯಾ? ನಹೀಂ ತೋ ಬಾಜೂ ಹೋ ಜಾವೋ, ಬಾತೇಂ ಘರ್ ಪೇ ಕರೋ!" ಎಂದು ಹಿಂದಿನಿಂದ ಯಾರೋ ನಮ್ಮಿಬ್ಬರನ್ನೂ ತಳ್ಳಿದರು. ದಿವಾ ಸ್ಟೇಷನ್ನಿನಲ್ಲಿ ಇಳಿಯದವರು ದಾರಿ ಬಿಡಬೇಕಂತೆ, ಮಾತು ಮನೆಯಲ್ಲಿ ಆಡಬೇಕಂತೆ.

ಆಗ ನನಗೆ ಮೊದಲು ಬಂದ ಯೋಚನೆಯನ್ನು ನಿನಗೆ ಮಾತ್ರ ಹೇಳಬಲ್ಲೆ: ಬುಧವಾರದವರೆಗೆ ಇವಳು ಇನ್ಯಾರಿಗೂ ಇದನ್ನು ಹೇಳದಿದ್ದರೆ ಸಾಕು.

ಮನೆಗೆ ಬಂದಾಗ ಅಭಿ ಮಲಗಿದ್ದ. ಸೂಜಿ ಚುಚ್ಚಿ ಚುಚ್ಚಿ ಅವನ ಮುಂಗೈ ಗಂಟುಗಟ್ಟಿದೆ. ಯಾಮಿನಿ ಅವನ ಚಾದರ ಸರಿಮಾಡಿ ಅಡುಗೆಮನೆಗೆ ಹೋದಳು. ಅವಳ ಸಂಕಟ ಅವಳ ಮುಖದಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. ಅದೇ ನನಗೆ ತಡೆಯದಾಯಿತು.

ಸೋಮವಾರ ಮೋಹನದಾಸರಿಗೆ ಹೇಳಲಿದ್ದೇನೆ: ಅವಳನ್ನು ಇನ್ನೊಮ್ಮೆ ಕೇಳಿ, ನಾನು ಆಸ್ಪತ್ರೆಯ ಹತ್ತಿರವೂ ಬರುವುದಿಲ್ಲ. ಅವಳು ಇಲ್ಲ ಎಂದರೆ ಅಭಿ ಕಾಯುವವರ ಪಟ್ಟಿಗೆ ಹೋಗುತ್ತಾನೆ. ಆ ಪಟ್ಟಿ ಹೇಗೆ ಸರಿಯುತ್ತದೆಂದು ನಿನಗೂ ಗೊತ್ತು, ನನಗೂ ಗೊತ್ತು.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಅವಳು ಏನನ್ನು ಓದಬೇಕೆಂದರೂ ಓದಲಿ. ನಿನ್ನ ಮಂಡಿನೋವಿಗೆ ನಡೆಯುವುದನ್ನು ಮಾತ್ರ ನಿಲ್ಲಿಸಬೇಡ.

ನಿನ್ನ
ನಳಿನಿ

ಮತ್ತೆ: ಇದು ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು. ಸಕ್ಕರೆ ಕಾಯಿಲೆಯಿಂದಾಗಿ ನನ್ನ ಕಿಡ್ನಿ ಬೇಡವೆಂದು ಡಾಕ್ಟರ್ ಹೇಳಿದ ದಿನವೇ ಎಲ್ಲರೂ ಯಾಮಿನಿಯ ಕಡೆ ತಿರುಗಿದೆವು. ಸೂರ್ಯನಾರಾಯಣರ ರಕ್ತದ ಗುಂಪೂ ಅಭಿಯದೇ. ಅವರಿಗೆ ಬಿಪಿ ಇಲ್ಲ, ಸಕ್ಕರೆ ಇಲ್ಲ. ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಯಾರೂ ಅವರಿಗೆ ಹೇಳಲಿಲ್ಲ, ಅವರಾಗಿಯೂ ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆಗುವುದಿಲ್ಲ ಎಂದುಬಿಟ್ಟರೆ ಆಮೇಲೆ ಅವರ ಜೊತೆ ಹೇಗೆ ಇರುವುದೆಂದು ನನಗೆ ತಿಳಿಯಲಿಲ್ಲ. ಈಗ ಹೊರಕೋಣೆಯಲ್ಲಿ ಟಿವಿ ನೋಡುತ್ತಿದ್ದಾರೆ. ನಾಳೆ ಚಹಾ ಆದ ಮೇಲೆ ಕೇಳುತ್ತೇನೆ.