ಕ್ಲಿಪ್ ಟ್ಯೂನರ್ ತರಿಸಿದ್ದು

ನವೆಂಬರ್ 3, ಸೋಮವಾರ

ರೊಟ್ಟಿ ಬೇಯಿಸುತ್ತಿದ್ದೆ. ಸಂಜೆ ಏಳೂವರೆ. ಮತ್ತೆ ಶುರು.

ಇವರು ಪಡಸಾಲೆಯ ಕುರ್ಚಿಯಲ್ಲಿ, ತೊಡೆಯ ಮೇಲೆ ಗಿಟಾರ್. ಎದುರಿಗೆ ಸ್ಟೂಲು, ಸ್ಟೂಲಿನ ಮೇಲೆ ಫೋನು, ಸ್ಪೀಕರ್ ಆನ್. ಒಂದು ತಂತಿ ಮೀಟುತ್ತಾರೆ. ಆ ಕಡೆಯಿಂದ ಅಕ್ಷಿತಾ ಮಿಸ್ ದನಿ — "ಇನ್ನಾ ಒಂಚೂರು ಬಿಗಿ ಮಾಡ್ರಿ ಸಾರ್." ಕೀ ತಿರುಗಿಸುತ್ತಾರೆ. ಮತ್ತೆ ಮೀಟುತ್ತಾರೆ. "ಹಾಂ... ಈಗ ಕೂತ್ಕಂತು ನೋಡ್ರಿ." ಹೀಗೆ ಆರು ತಂತಿಯ ಶ್ರುತಿ ಕೂಡಿಸುವುದು. ಆರಕ್ಕೂ ಅವಳೇ ಹೇಳಬೇಕು.

ನಾನು ಹೇಳಿದ್ದನ್ನು ಇಷ್ಟು ತಾಳ್ಮೆಯಿಂದ ಎಂದಾದರೂ ಕೇಳಿದ್ದಾರಾ? ಗ್ಯಾಸ್ ರೆಗ್ಯುಲೇಟರ್ ನೋಡಿ ಅಂತ ಹೇಳಿ ತಿಂಗಳಾಯಿತು.

ಫೋನಿಟ್ಟು ಊಟಕ್ಕೆ ಬಂದರು. ಮುಖದಲ್ಲಿ ಒಂಥರಾ ಕಳೆ. ರೊಟ್ಟಿ ಸೀದಿತ್ತು. ಸೀದಿದೆ ಎಂದು ಕೂಡ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ನವೆಂಬರ್ 5, ಬುಧವಾರ

ಇದೆಲ್ಲ ಯಾವಾಗ ಶುರುವಾಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಮಗಳು ಹಾಸ್ಟೆಲ್ ಸೇರಿದ್ದು ಜೂನಿನಲ್ಲಿ. ಮನೆ ಬಿಕೋ ಅನ್ನುತ್ತಿತ್ತು. ಆಮೇಲೆ ಒಂದು ಭಾನುವಾರ ಇವರು ದಾವಣಗೆರೆಯಿಂದ ಸೆಕೆಂಡ್‌ಹ್ಯಾಂಡ್ ಗಿಟಾರ್ ತಂದರು. ನಲವತ್ತು ದಾಟಿದ ಗಣಿತದ ಮೇಷ್ಟ್ರು, ಗಿಟಾರು... ನಕ್ಕಿದ್ದೆ. ಆಗ ನಗು ಬರುತ್ತಿತ್ತು.

ಅದೇ ಹೊತ್ತಿಗೆ ಇವರ ಶಾಲೆಗೆ ಅವಳು ಬಂದಳು. ನ್ಯಾಮತಿ ದಾಟಿದರೆ ಸಿಗುವ ಹಳ್ಳಿ ಶಾಲೆ. ಅಲ್ಲಿಗೆ ಇಂಗ್ಲಿಷಿಗೆ ಗೆಸ್ಟ್ ಟೀಚರ್. ಊರು ಜಗಳೂರು ಕಡೆ, ಸೊಕ್ಕೆಯಂತೆ. ನ್ಯಾಮತಿಯಲ್ಲಿ ರೂಮು ಮಾಡಿಕೊಂಡು ತಾಯಿ ಜೊತೆ ಇದ್ದಾಳಂತೆ. ಗಿಟಾರ್ ಕಾಲೇಜಿನಿಂದಲೂ ಬಾರಿಸುತ್ತಾಳಂತೆ. ಎಲ್ಲ ಅಂತೆ. ಹೇಳಿದ್ದು ಇವರೇ, ನಾನು ಕೇಳದೆ.

ಇವತ್ತು ತಡೆಯಲಾರದೆ, ಟ್ಯೂನ್ ಮಾಡಲು ಫೋನಿನಲ್ಲೇ ಆ್ಯಪ್ ಇರುತ್ತದಂತಲ್ಲ ಎಂದೆ. ಇದೆ, ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಅಂದರು. ಅದು ನಿಜವೇ. ಅತ್ತೆಗೆ ಕಿವಿ ಮಂದ, ಟಿವಿ ಓಣಿಗೆಲ್ಲ ಕೇಳುತ್ತದೆ. ಆ್ಯಪು ಸೀರಿಯಲ್ಲಿನ ಅಳುವನ್ನೂ ಸ್ವರ ಎಂದುಕೊಂಡು ಕುಣಿಯುತ್ತದೆ. ಅವಳಿಗೆ ಮಾತ್ರ ಈ ಗದ್ದಲದಲ್ಲೂ ತಂತಿ ಕೇಳುತ್ತದೆ.

"ಅಂಥ ಕಿವಿ ಎಲ್ರಿಗೂ ಇರಲ್ಲ ಸುಚಿ" ಅಂದರು.

ಇವರು ಸ್ನಾನಕ್ಕೆ ಹೋದಾಗ ಅವಳ ಡಿಪಿ ನೋಡಿದೆ. ಯಾವುದೋ ಕೆರೆ ಏರಿ, ಹಳದಿ ಚೂಡಿದಾರ, ಬಿಸಿಲಿಗೆ ಕಿರಿದಾದ ಕಣ್ಣು. ಅಂಥ ಚೆಂದವೇನಿಲ್ಲ.

ಸುಳ್ಳು. ಚೆಂದ ಇದ್ದಾಳೆ.

ನವೆಂಬರ್ 8, ಶನಿವಾರ. ಮಧ್ಯಾಹ್ನ, ಲ್ಯಾಬ್

ಜನ ಕಡಿಮೆ. ಬೆಳಗಿನ ರಕ್ತದ ಸ್ಯಾಂಪಲ್‌ಗಳನ್ನು ಮೆಷಿನ್ನಿಗೆ ಹಾಕಿ ಕೂತಿದ್ದೆ. ಅದು ತಾನೇ ಎಣಿಸಿ ತಾನೇ ಪ್ರಿಂಟ್ ಕೊಡುತ್ತದೆ. ಆಗ ಹೊಳೆಯಿತು. ಅವಳ ಕಿವಿ ಮಾಡುವುದನ್ನೂ ಒಂದು ಮೆಷಿನ್ನು ಮಾಡಿದರೆ? ಆಗ ಫೋನು ಯಾಕೆ ಬೇಕು?

ಚನ್ನಗಿರಿಗೆ ಫೋನ್ ಮಾಡಿದೆ, ತಮ್ಮ ವೆಂಕಟೇಶನಿಗೆ. ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಾನೆ, ಅವನಿಗೆ ಇದೆಲ್ಲ ಗೊತ್ತು. ಕ್ಲಿಪ್ ಟ್ಯೂನರ್ ಅಂತ ಬರುತ್ತದಂತೆ. ಬಟ್ಟೆ ಕ್ಲಿಪ್ಪಿನಂತೆ ಗಿಟಾರಿನ ತಲೆಗೆ ಕಚ್ಚಿಸುವುದು. ಗಾಳಿಯ ಸದ್ದು ಕೇಳುವುದಿಲ್ಲ ಅದು, ಮರದ ನಡುಕ ಹಿಡಿದು ಹೇಳುತ್ತದೆ. ಪಕ್ಕದಲ್ಲಿ ಬ್ಯಾಂಡ್ ಬಾರಿಸುತ್ತಿದ್ದರೂ ಕೆಲಸ ಮಾಡುತ್ತದೆ. ಸರಿ ಬಂದರೆ ಹಸಿರು ದೀಪ.

ಅತ್ತೆಯ ಟಿವಿಗೆ ಹೇಳಿ ಮಾಡಿಸಿದ್ದು.

"ಯಾಕಕ್ಕ, ನೀನ್ ಕಲಿಯಾಕೆ ಹತ್ತೀಯೇನು?"

ನಿಮ್ಮ ಭಾವನಿಗೆ, ಗಿಫ್ಟು ಎಂದೆ. ಭಾವ ಪುಣ್ಯ ಮಾಡಿದ್ದಾರೆ ಅಂದ. ಪಾಪ.

ನವೆಂಬರ್ 9, ಭಾನುವಾರ

ಇವರು ಶೇವಿಂಗಿಗೆ ಹೋದಾಗಿನಿಂದ ಫೋನ್ ಹಿಡಿದು ಕೂತಿದ್ದೇನೆ. ಎಷ್ಟು ಥರ. ನೋಡಲು ಎಲ್ಲ ಒಂದೇ, ಎಲ್ಲವೂ ಬೆಸ್ಟೇ. ನನ್ನ ಕೈಖರ್ಚಿನಲ್ಲಿ ಆಗಬೇಕು, ಇವರ ಕಾರ್ಡಿನಿಂದ ಬೇಡ. ಹಾಗಾಗಿ ದುಬಾರಿಯವನ್ನು ಬಿಟ್ಟೆ. ತೀರಾ ಅಗ್ಗದ್ದನ್ನೂ ಬಿಟ್ಟೆ. ಒಂದರ ಕೆಳಗೆ ಒಬ್ಬರು ಬರೆದಿದ್ದಾರೆ, ದಪ್ಪ ತಂತಿ ಮೀಟಿದರೆ ಸ್ಕ್ರೀನಿನ ಮುಳ್ಳು ನಿಲ್ಲುವುದೇ ಇಲ್ಲ ಅಂತ. ಇನ್ನೊಂದರ ಕ್ಲಿಪ್ಪಿಗೆ ರಬ್ಬರ್ ಇಲ್ಲ, ಮರ ಗೀಚುತ್ತದೆ. ಮತ್ತೊಂದರ ಸ್ಕ್ರೀನು ಬಿಸಿಲಿನಲ್ಲಿ ಕಾಣುವುದಿಲ್ಲ.

ವೆಂಕಟೇಶ ಹೇಳಿದ್ದು — ತಲೆ ಎಲ್ಲ ಕಡೆ ತಿರುಗಬೇಕು, ಬ್ಯಾಟರಿ ವಾಚ್ ಅಂಗಡಿಯಲ್ಲಿ ಸಿಗುವ ಬಿಲ್ಲೆಯಾಗಿರಬೇಕು, ಮರೆತರೆ ತಾನೇ ಆಫ್ ಆಗಬೇಕು. ಇಂಥ ಮರೆಗುಳಿಗೆ ಅದು ಬೇಕೇ ಬೇಕು.

ಲ್ಯಾಬಿಗೆ ಮೆಷಿನ್ ಕೊಳ್ಳುವಾಗ ಕೂಡ ಇಷ್ಟು ಓದಿರಲಿಲ್ಲ. ಮದುವೆ ಸೀರೆಯನ್ನೂ ಇಷ್ಟು ಹೊತ್ತು ಆರಿಸಿರಲಿಲ್ಲ. ಕೊನೆಗೆ ಒಂದಕ್ಕೆ ಬಂದು ನಿಂತೆ. ಕಪ್ಪು ಬಣ್ಣ, ಹೆಬ್ಬೆರಳಿನಷ್ಟು. ಬುಕ್ ಮಾಡಿದೆ. ಬಂದ ಮೆಸೇಜನ್ನು ತಕ್ಷಣ ಅಳಿಸಿದೆ, ವಿಷ ತರಿಸಿದ ಹಾಗೆ.

ನವೆಂಬರ್ 14, ಶುಕ್ರವಾರ

ಬಂತು. ಕಾಫಿಯ ಜೊತೆ ಕೊಟ್ಟೆ. ಬಿಚ್ಚಿ ನೋಡಿದರು. "ಇದನ್ಯಾಕ್ ತರಿಸ್ದೆ?" ಅಂದರು. ಆಮೇಲೆ ನಕ್ಕರು. ಎರಡರ ನಡುವೆ ಒಂದು ಚೂರು ಹೊತ್ತು ಇತ್ತು. ಅದನ್ನು ನಾನು ನೋಡಿದೆ.

ನಾನೇ ಕಚ್ಚಿಸಿದೆ. ಇವರು ಮೀಟಿದರು. ಮುಳ್ಳು ಎಡಕ್ಕೆ ಓಡಿತು, ಕೆಂಪು. ಕೀ ತಿರುಗಿಸಿದರು. ನಡುವಿಗೆ ಬಂತು, ಹಸಿರು. ಅತ್ತೆಯ ಸೀರಿಯಲ್ಲಿನಲ್ಲಿ ಯಾರೋ ಚೀರಾಡುತ್ತಿದ್ದರು. ಮುಳ್ಳು ಅಲ್ಲಾಡಲಿಲ್ಲ.

ಏಳೂವರೆ ಆಯಿತು. ಏಳೂಮುಕ್ಕಾಲೂ ಆಯಿತು. ಸ್ಟೂಲು ಖಾಲಿ.

ಹೋಳಿಗೆ ಮಾಡಿದ ದಿನ ಇರುವಂಥ ಸಂತೋಷ.

ನವೆಂಬರ್ 19, ಬುಧವಾರ

ಫೋನಿಲ್ಲ. ಐದು ದಿನದಿಂದಲೂ ಇಲ್ಲ. ಆ ಹುಡುಗಿ ಈಗ ಸಂಜೆ ಏನು ಮಾಡುತ್ತಿರಬಹುದು? ಫೋನು ನೋಡುತ್ತ ಕೂತಿರಬಹುದು. ಕೂರಲಿ.

ಆದರೆ ಇವರು ಬಾರಿಸುವುದೂ ಕಡಿಮೆಯಾಗಿದೆ. ಟ್ಯೂನ್ ಮಾಡುತ್ತಾರೆ, ಎರಡು ಸಲ ಟರ್ ಅನ್ನಿಸುತ್ತಾರೆ, ಗೋಡೆಗೆ ಒರಗಿಸುತ್ತಾರೆ. ಮುಖದ ಕಳೆಯೂ ಇಲ್ಲ. ಇರದಿದ್ದರೆ ಬೇಡ. ನನ್ನ ಕಡೆ ನೋಡಿ ಬಂದ ಕಳೆಯೇನಲ್ಲವಲ್ಲ ಅದು.

ನವೆಂಬರ್ 24, ಸೋಮವಾರ

ಕೆಟ್ಟುಹೋಗಿದೆಯಂತೆ. "ಚೀಪ್ ಮಾಲು ಸುಚಿ, ತಪ್ಪು ತೋರಿಸ್ತೈತೆ" ಅಂದರು. ಸ್ಟೂಲು ಎಳೆದುಕೊಂಡರು. "ಹಲೋ, ಅಕ್ಷಿತಾ ಮಿಸ್, ಬಿಜಿ ಇದ್ರೇನು?"

ಒಗ್ಗರಣೆ ಹೊತ್ತಿತು. ನನ್ನದೇ ತಪ್ಪು. ಇನ್ನೊಂದು ಮೆಟ್ಟಿಲು ಮೇಲಿನದನ್ನು ತರಿಸಬೇಕಿತ್ತು. ಅಗ್ಗದ್ದಕ್ಕೆ ಆಸೆಪಟ್ಟು ಅವಳಿಗೆ ಮತ್ತೆ ಬಾಗಿಲು ತೆಗೆದುಕೊಟ್ಟೆ.

"ಕೂತ್ಕಂತು ನೋಡ್ರಿ" ಅಂತ ಇವತ್ತು ಅವಳು ಹೇಳುವುದು ಸ್ವಲ್ಪ ಸಣ್ಣಗೆ ಕೇಳಿತು. ನಾಚಿಕೆಯೇ? ನಾಚಿಕೆಯೇ ಇರಬೇಕು.

ನವೆಂಬರ್ 25, ಮಂಗಳವಾರ

ವಾರದ ರಜೆ. ಇವರು ಶಾಲೆಗೆ ಹೋದ ಮೇಲೆ ವೆಂಕಟೇಶನಿಗೆ ಫೋನ್ ಹಚ್ಚಿದೆ. ಕೆಲವು ಸಲ ಬಟನ್ ಒತ್ತಿಹೋಗಿ ಅಳತೆ ಬದಲಾಗಿರುತ್ತದೆ, 440 ಅಂತ ಇದೆಯಾ ನೋಡು ಅಂದ. ಇತ್ತು. ಗಿಟಾರ್ ಅಂತ ಇದೆಯಾ, ಇಲ್ಲ ಆ ನಾಲ್ಕು ತಂತಿಯ ಉಕುಲೇಲೆ ಅಂತ ಇದೆಯಾ? ಗಿಟಾರ್ ಅಂತಲೇ ಇತ್ತು. ನೀನೇ ಮೀಟು, ನಾನು ಇಲ್ಲಿ ಕೀಬೋರ್ಡಿನಲ್ಲಿ ನೋಡುತ್ತೇನೆ ಅಂದ. ಒಂದೊಂದೇ ತಂತಿ ಹಸಿರಿಗೆ ತಂದೆ. ಅವನು ಅದೇ ಸ್ವರ ಒತ್ತಿದ. ಎರಡೂ ಒಂದೇ. ಆರಕ್ಕೆ ಆರೂ.

"ಬರೋಬ್ಬರಿ ಐತಲ್ಲಕ್ಕ. ಯಾರ್ ಹೇಳಿದ್ದು ಕೆಟ್ಟೈತೆ ಅಂತ?"

ಸುಮ್ಮನೆ ಚೆಕ್ ಮಾಡಿದೆ ಎಂದು ಫೋನಿಟ್ಟೆ.

ಮೊದಲು ಎಲ್ಲಿತ್ತೋ ಅಲ್ಲೇ ಇಟ್ಟೆ. ಇವರು ಬಂದರು. ನಾನು ಕೇಳಲಿಲ್ಲ. ಏಳೂವರೆಗೆ ಫೋನ್ ಮಾಡಿದರು. ಆಗಲೂ ಕೇಳಲಿಲ್ಲ. ಬಾಯಿ ತೆಗೆದರೆ ಏನು ಬರುತ್ತದೋ...

ಡಿಸೆಂಬರ್ 4, ಗುರುವಾರ

ಬರೆಯಲಾಗಿರಲಿಲ್ಲ.

ಇವತ್ತು ಇವರ ಶಾಲೆಯಲ್ಲೇ ನಮ್ಮ ಲ್ಯಾಬಿನ ಹಿಮೋಗ್ಲೋಬಿನ್ ಕ್ಯಾಂಪು. ಬೇರೆಯವರನ್ನು ಕಳಿಸಬಹುದಿತ್ತು. ನಾನೇ ಹೋದೆ. ಹೊಸ ಸೀರೆ ಉಟ್ಟು ಹೋದೆ, ಯಾಕೆ ಸುಳ್ಳು ಹೇಳಲಿ. ಇವರಿಗೆ ಎಸ್ಸೆಸ್ಸೆಲ್ಸಿ ಮೀಟಿಂಗು, ಇಲ್ಲೇ ನಮ್ಮ ಹೊನ್ನಾಳಿಯಲ್ಲಿ ಉಳಿದಿದ್ದರು.

ಹೆಣ್ಣುಮಕ್ಕಳದು ಮುಗಿದ ಮೇಲೆ ಟೀಚರುಗಳು ಬಂದರು. ಕೊನೆಗೆ ಅವಳು. ಡಿಪಿಗಿಂತ ತೆಳ್ಳಗಿದ್ದಾಳೆ. ಎಡಗೈ ಹಿಡಿದೆ, ಸೂಜಿ ಚುಚ್ಚಲು. "ಬಲಗೈಗೆ ಚುಚ್ರಿ ಮೇಡಂ, ಈ ಕೈ ಬೆರಳು ಗಟ್ಟಿ ಆಗ್ಯಾವೆ" ಅಂದಳು. ಮುಟ್ಟಿ ನೋಡಿದೆ. ತುದಿಯಲ್ಲಿ ಗಟ್ಟಿ ಚರ್ಮ. ಇವರ ಬೆರಳಲ್ಲೂ ಈಗ ಅದೇ ಜಾಗದಲ್ಲಿ ಅದೇ ಗಟ್ಟಿ. ಚುಚ್ಚಿದ್ದು ಸ್ವಲ್ಪ ಜೋರಾಗಿಯೇ ಆಯಿತು.

ಹತ್ತಿ ಒತ್ತಿಕೊಂಡು ಎದ್ದು ಹೋಗಲಿಲ್ಲ. ಉಳಿದವರು ಹೋಗುವ ತನಕ ಕಾದಳು.

"ಮೇಡಂ, ನೀವು ಕಲ್ಲೇಶ್ ಸಾರ್ ಮನೆಯವ್ರಲ್ಲೇನ್ರಿ? ಒಂದ್ ಮಾತು. ತಪ್ಪು ತಿಳ್ಕಬ್ಯಾಡ್ರಿ. ಸಾರ್‌ಗೆ ಒಂದು ಕ್ಲಿಪ್ ಟ್ಯೂನರ್ ಕೊಡಸ್ರಿ."

ಕೈಯಲ್ಲಿದ್ದ ಸ್ಲೈಡು ಕೆಳಗಿಟ್ಟು, ಪೂರ್ತಿ ಹೇಳು ಎಂದೆ.

ಅವಳೇ ಇವರಿಗೆ ಆಗಲೇ ಎರಡು ಸಲ ಹೇಳಿದ್ದಳಂತೆ, ಯಾವುದು ತರಿಸಬೇಕು ಎಂದು ಫೋಟೊ ಕೂಡ ಕಳಿಸಿದ್ದಳಂತೆ. ತರಿಸುತ್ತೇನೆ, ಮುಂದಿನ ತಿಂಗಳು, ಅನ್ನುತ್ತಿದ್ದರಂತೆ. ನಡುವೆ ಒಂದಿಷ್ಟು ದಿನ ಫೋನ್ ನಿಂತಾಗ ತಗೊಂಡರೇನೋ ಎಂದುಕೊಂಡು ಹಗುರಾಗಿದ್ದಳಂತೆ.

"ದಿನಾ ಅದೇ ಹೊತ್ತಿಗೆ ಫೋನ್ ಬರ್ತೈತೆ. ಅವ್ವ ಯಾರ್ದದು ಅಂತಾಳೆ. ಸಾರ್ ಒಳ್ಳೇವ್ರು ಮೇಡಂ, ಒಂದಿನಾನೂ ಕೆಟ್ಟ ಮಾತಾಡಿಲ್ಲ. ಆದ್ರೂ... ನಾನು ಗೆಸ್ಟ್ ಟೀಚರ್ರು. ಮುಂದಿನ ವರ್ಷ ಇಲ್ಲೇ ಇರಬೇಕಂದ್ರೆ ಇವ್ರೆಲ್ಲ ಹೂಂ ಅನ್ನಬೇಕು. ಬ್ಯಾಡ ಅನ್ನಾಕೆ ಹೆಂಗಾಗ್ತೈತೆ?"

ಕಣ್ಣೀರು ಹಾಕಲಿಲ್ಲ. ಹತ್ತಿಯನ್ನು ಮಡಿಸಿ ಮಡಿಸಿ ಕೈಯಲ್ಲೇ ಇಟ್ಟುಕೊಂಡಿದ್ದಳು. ಅವತ್ತು ಫೋನಿನಲ್ಲಿ ಕೇಳಿದ ಆ ಸಣ್ಣ ದನಿ ನಾಚಿಕೆಯದಲ್ಲ. ಬೇಸರದ್ದು.

ನೀನು ಇನ್ನು ಫೋನ್ ಎತ್ತಬೇಡ, ನಾನು ನೋಡಿಕೊಳ್ಳುತ್ತೇನೆ ಎಂದೆ. ನನ್ನ ನಂಬರ್ ಕೊಟ್ಟೆ. ರಿಪೋರ್ಟ್ ನೋಡಿದರೆ ಒಂಬತ್ತೂ ಇಲ್ಲ ರಕ್ತ. ಸೊಪ್ಪು ತಿನ್ನು, ಮಾತ್ರೆ ಬರೆಸಿಕೋ ಎಂದೆ. ಯಾರೋ ಅತ್ತಿಗೆ ಹೇಳುವ ಹಾಗೆ ಹೇಳಿದೆ. ಬಸ್ಸಿನಲ್ಲಿ ಬರುವಾಗ ಅಸಹ್ಯವಾಯಿತು, ಅಷ್ಟು ಜೋರಾಗಿ ಚುಚ್ಚಿದ್ದಕ್ಕೆ.

ಡಿಸೆಂಬರ್ 5, ಶುಕ್ರವಾರ. ಬೆಳಗ್ಗೆ

ನಿನ್ನೆ ಸಂಜೆಯದು ಬರೆದುಬಿಡಬೇಕು.

ಇವರು ಸ್ಟೂಲು ಎಳೆದುಕೊಳ್ಳುವ ಮೊದಲೇ ಅದರ ಮೇಲೆ ನಾನು ಕೂತಿದ್ದೆ. ಗಿಟಾರಿನ ತಲೆಗೆ ಟ್ಯೂನರ್ ಕಚ್ಚಿಸಿದೆ. ಬಾರಿಸಿ ಎಂದೆ. ಕೆಟ್ಟಿದೆ ಎಂದೆನಲ್ಲ ಅಂದರು. ಬಾರಿಸಿ ಎಂದೆ. ಮೀಟಿದರು. ಹಸಿರು. ಇನ್ನೊಂದು. ಹಸಿರು. ಮೂರನೆಯದಕ್ಕೆ ಕೈ ನಿಲ್ಲಿಸಿದರು.

"ಕೆಟ್ಟೈತೆ ಅಂತ ಯಾಕೆ ಹೇಳಿದ್ರಿ?"

ಟ್ಯೂನರ್ ಕಳಚಲು ಕೈ ಹಾಕಿದರು. ಆಗ ಅಕ್ಷಿತಾ ಹೇಳಿದ್ದನ್ನೆಲ್ಲ ಹೇಳಿದೆ. ಅವಳ ತಾಯಿ ಕೇಳುವುದನ್ನೂ, ಮುಂದಿನ ವರ್ಷದ ಕೆಲಸದ ಹೆದರಿಕೆಯನ್ನೂ. ಬೈಯಲಿಲ್ಲ. ರಿಪೋರ್ಟ್ ಓದಿದ ಹಾಗೆ ಓದಿದೆ. ಇವರ ಮುಖ ಇಳಿಯುತ್ತ ಹೋಯಿತು. ಹೆದರಿಕೊಂಡಿದ್ದಳಾ ಎಂದು ಎರಡು ಸಲ ಕೇಳಿದರು. ಅದು ಗೊತ್ತಿರಲಿಲ್ಲ ಅನ್ನಿಸುತ್ತದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಗಿಟಾರ್ ಪಕ್ಕಕ್ಕಿಟ್ಟು ಅಂದರು: "ಅದ್ರಾಗೆ ಏನೂ ಇರ್ಲಿಲ್ಲ ಸುಚಿ. ದಿನಕ್ಕೊಂದ್ಸಲ ಯಾರೋ ಒಬ್ರು ನಾನು ಬಾರ್ಸಿದ್ದನ್ನ ಕಿವಿಗೊಟ್ಟು ಕೇಳ್ತಿದ್ರು. ಅಷ್ಟೇ."

"ನಾನೂ ದಿನಾ ಕೇಳ್ತಿದ್ದೆ. ಅಡುಗೆಮನ್ಯಾಗೆ ನಿಂತ್ಕಂಡು. ಮೊದಲ್ನೇ ತಂತಿಯಿಂದ ಕೊನೇ ತಂತಿ ತನಕ. ಒಂದಿನಾನೂ ಬಿಟ್ಟಿಲ್ಲ."

ಅತ್ತೆ ಟಿವಿ ಆಫ್ ಮಾಡಿ ನಮ್ಮಿಬ್ಬರನ್ನು ನೋಡುತ್ತಿದ್ದರು. ಅವರಿಗೆ ಎಷ್ಟು ಕೇಳಿಸಿತೋ.

ಡಿಸೆಂಬರ್ 14, ಭಾನುವಾರ. ಸಂಜೆ

ಗಿಟಾರ್ ಅಟ್ಟದ ಮೇಲಿತ್ತು ಇಷ್ಟು ದಿನ. ನಾನು ಇಡಲಿಲ್ಲ, ಇವರೇ ಇಟ್ಟಿದ್ದು. ಸ್ಟಾಫ್ ರೂಮಿನಲ್ಲಿ ಹೆಡ್ ಮೇಡಂ ಇದ್ದಾಗಲೇ ಅಕ್ಷಿತಾಳ ಹತ್ತಿರ ಹೋಗಿ, ಹೊತ್ತಲ್ಲದ ಹೊತ್ತಿನಲ್ಲಿ ತೊಂದರೆ ಕೊಟ್ಟೆ, ತಪ್ಪಾಯಿತು ಅಂದರಂತೆ. ಇವರು ಹೇಳಿದ್ದಲ್ಲ. ಅವಳ ಮೆಸೇಜು. ಜೊತೆಗೆ, ಥ್ಯಾಂಕ್ಸ್ ಮೇಡಂ, ಮಾತ್ರೆ ಶುರು ಮಾಡಿದ್ದೀನಿ.

ಓದಿ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಮೊದಲು ಡಿಪಿ ಬದಲಾಗಿದೆಯಾ ಎಂದು ನೋಡಿದೆ. ಈ ಹೊಟ್ಟೆಕಿಚ್ಚಿಗೆ ಯಾವ ಮಾತ್ರೆಯಿದೆಯೋ. ಅವಳ ಮೇಲೆ ಏನೂ ಇಲ್ಲ ಈಗ. ಫೋನಿನ ಆ ಹತ್ತು ನಿಮಿಷದ ಮೇಲೆ ಇದೆ. ಆ ಹತ್ತು ನಿಮಿಷ ಇವರ ಮುಖ ಹಾಗಿತ್ತಲ್ಲ, ಅದರ ಮೇಲೆ.

ಮಧ್ಯಾಹ್ನ ಏಣಿ ಹಾಕಿ ಇಳಿಸಿದರು. ಧೂಳು ಒರೆಸಿದರು. ತಾವೇ ಟ್ಯೂನ್ ಮಾಡಿಕೊಂಡರು. ಈಗ ಏನೋ ಬಾರಿಸುತ್ತಿದ್ದಾರೆ, ಒಂದೇ ಜಾಗದಲ್ಲಿ ಎಡವುತ್ತಿದ್ದಾರೆ. ಕರೆದರು.

"ಸುಚಿ, ಬಾ ಇಲ್ಲಿ. ಇದು ಹೆಂಗೈತೆ ಹೇಳು."

ಇಲ್ಲಿಗೇ ಕೇಳುತ್ತದೆ ಎಂದೆ. ಇಲ್ಲ, ಬಾ ಅಂದರು. ಹೋಗುವುದಿಲ್ಲ. ಕರೆದ ತಕ್ಷಣ ಎದ್ದು ಹೋಗಲು ನಾನೇನು... ಹಿಟ್ಟು ರುಬ್ಬಬೇಕು. ಬಟ್ಟೆ ಮಡಿಸಬೇಕು. ಆ ಹುಡುಗಿಗೆ ರಿಪ್ಲೈ ಹಾಕಬೇಕು, ಏನು ಬರೆಯಲಿ — ಮತ್ತೆ ಕರೆದರು. ಕರೆಯಲಿ. ಬಾರಿಸುವುದು ನಿಂತಿತು. ಕುರ್ಚಿ ಸರಿದ ಸದ್ದು. ಗಿಟಾರ್ ಹಿಡಿದುಕೊಂಡು ಇವರೇ ಈ ಕಡೆ ಬರುತ್ತಿದ್ದಾರೆ, ಬರೆಯುವುದು ಸಾಕು.