ಗಾಡಿ ಕೆಟ್ಟಿರಲಿಲ್ಲ

ಜಿಗಣಿ
೫ ಜನವರಿ ೨೦೧೪, ಭಾನುವಾರ

ಚಿ. ಸೌ. ಸುಮಂಗಲಾಳಿಗೆ ಅವ್ವನ ಆಶೀರ್ವಾದಗಳು.

ನೀಲಾಂಬಿಕಾ ಬಸಲಿಂಗಪ್ಪ ಹೊಸಮನಿ ಎಂಬ ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಹನ್ನೊಂದು ತಿಂಗಳು ಸಹಶಿಕ್ಷಕಿಯಾಗಿ ಸೇವೆ ಸಲ್ಲಿಸಿ, ೨೦೧೦ರ ಮೇ ತಿಂಗಳಲ್ಲಿ ನಿವೃತ್ತಳಾದವಳು. ಹೀಗೆಯೇ ಆರಂಭಿಸಬೇಕೆಂದು ನೀನೇ ಹೇಳಿ ಕಳಿಸಿದ್ದೀಯೆ. ನಿನ್ನೆ ಅಳಿಯಂದಿರು ತಂದುಕೊಟ್ಟ ಹೇಳಿಕೆಯ ನಮೂನೆಯ ಅಂಚಿನಲ್ಲಿ ಪೆನ್ಸಿಲಿನಿಂದ ನೀನು ಬರೆದದ್ದು ಇದು: "ಅವ್ವಾ, ಪೂರ್ತಿ ಹೆಸ್ರು, ಎಷ್ಟು ವರ್ಷ ಸರ್ವೀಸು ಅಂತ ಮೊದಲ್ನೇ ಲೈನಲ್ಲೇ ಹಾಕು. ಟೀಚರ್ ಅಂದ್ರೆ ಅವ್ರು ನಂಬ್ತಾರೆ. ಗ್ಯಾರೇಜ್ ಬಿಲ್ ಮರೀಬೇಡ."

ನಂಬುತ್ತಾರೆ, ನಿಜ. ಅದಕ್ಕಾಗಿಯೇ ನಾನು ಆ ನಮೂನೆಗೆ ಸಹಿ ಹಾಕುತ್ತಿಲ್ಲ.

ಡಿಸೆಂಬರ್ ಮೂವತ್ತರ ಸೋಮವಾರ ನಿನ್ನ ಮಗಳು ದಿವ್ಯಾ ಆ ವಸತಿಶಾಲೆಯ ಪ್ರವೇಶ ಪರೀಕ್ಷೆಗೆ ಹಾಜರಾಗಲಿಲ್ಲ. ಕರಾವಳಿಯ ಪ್ರವಾಸದಲ್ಲಿ ನಮ್ಮ ಗಾಡಿ ಕೆಟ್ಟು ನಿಂತಿತ್ತೆಂದು ಹಿರಿಯರೊಬ್ಬರು ದಾಖಲೆಸಹಿತ ಬರೆದುಕೊಟ್ಟರೆ, ಹತ್ತೊಂಬತ್ತನೆಯ ತಾರೀಖು ಮತ್ತೊಮ್ಮೆ ಪರೀಕ್ಷೆ ತೆಗೆದುಕೊಳ್ಳುವುದಾಗಿ ಶಾಲೆಯವರು ಒಪ್ಪಿದ್ದಾರೆ. ನೀನು ಅವರ ಬೆನ್ನು ಹತ್ತಿ ಈ ಅವಕಾಶ ಪಡೆದಿದ್ದೀಯೆಂದು ಬಲ್ಲೆ. ಆದರೆ ಸುಮಂಗಲಾ, ಗಾಡಿ ಕೆಟ್ಟಿರಲಿಲ್ಲ. ಅದು ಕೆಟ್ಟಿದೆಯೆಂದು ಭಾನುವಾರ ಸಂಜೆ ನಾನು ಫೋನಿನಲ್ಲಿ ಹೇಳಿದ್ದು ಸುಳ್ಳು. ನಿನ್ನ ಅಪ್ಪ ಅಂಥದ್ದೇನನ್ನೂ ಹೇಳಲಿಲ್ಲ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು, ಅಷ್ಟೆ. ಆದ್ದರಿಂದ ಅವರ ಮೇಲೆ ಸಿಟ್ಟಾಗಬೇಡ. ಸಿಟ್ಟಿನ ಪೂರ್ಣ ಹಕ್ಕುದಾರಳು ನಾನು.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಡೇರೆಯನ್ನು ಹೊಲಿಸಿದ್ದು ಐದು ಜನರಿಗೆಂದು. ಇದನ್ನು ಆಕ್ಷೇಪಣೆಯಾಗಿ ಬರೆಯುತ್ತಿಲ್ಲ, ಅಳತೆಯಾಗಿ ಬರೆಯುತ್ತಿದ್ದೇನೆ. ನಿನ್ನ ಅಪ್ಪ ಪೀಣ್ಯದಲ್ಲಿ ತಾವು ಇಪ್ಪತ್ತಾರು ವರ್ಷ ಟರ್ನರ್ ಆಗಿದ್ದ ವರ್ಕ್‌ಶಾಪಿಗೆ ಹೋಗಿ, ಅಲ್ಲಿನ ಲೇತಿನ ಮೇಲೆ ತಾವೇ ಹದಿನಾರು ಕಬ್ಬಿಣದ ಗೂಟ ಕಡೆದು ತಂದರು. ನೀವಿಬ್ಬರೂ ರಜೆ ಹಾಕುವುದಾಗಿ ಮಾತು ಕೊಟ್ಟಿದ್ದಿರಿ. ಹೊರಡುವ ಎರಡು ದಿನ ಮೊದಲು ನಿನ್ನ ಗಾರ್ಮೆಂಟ್ಸಿನಲ್ಲಿ ವರ್ಷಾಂತ್ಯದ ಶಿಪ್‌ಮೆಂಟ್ ಎಂದೆ. ಅಳಿಯಂದಿರಿಗೂ ರಜೆ ರದ್ದಾಯಿತು. ಪ್ರವಾಸ ಕೈಬಿಡಬಹುದಿತ್ತು. ನಾನು ಬಿಡಲಿಲ್ಲ.

ಹೊರಟ ದಿನ ಬೆಳಿಗ್ಗೆ ಓಮ್ನಿಗೆ ಸ್ಟೋವು, ಚಾಪೆ, ರೊಟ್ಟಿಯ ಗಂಟು ತುಂಬುತ್ತಿರುವಾಗ ಪಕ್ಕದ ಮನೆಯ ಪಿಳ್ಳಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿದಳು. ಅವಳ ಹೊಲವಿದ್ದ ಜಾಗದಲ್ಲಿ ಈಗ ಅವಳದೇ ಹನ್ನೆರಡು ಬಾಡಿಗೆ ಮನೆಗಳಿವೆ. ಸೂರಿಲ್ಲದ ಜಾಗದಲ್ಲಿ ಯಾರಾದರೂ ಬೇಕೆಂದೇ ಮಲಗುವುದು ಅವಳಿಗೆ ಅರ್ಥವಾಗದ ಸಂಗತಿ. "ಇದೇನ್ ಮೇಡಮ್ಮಾ, ಇಂಗೆ ಮನೆ ಮಡಿಕ್ಕೊಂಡು ಅಲ್ಲೋಗಿ ಮರಳ್ನಾಗೆ ಮನೀಕಂತೀರಾ? ಮೇಷ್ಟ್ರು ಬುದ್ಧಿ ಹೇಳೋರು, ನಿಮಗ್ಯಾರು ಹೇಳೋರು?" ಎಂದಳು. ನನಗೆ ಬುದ್ಧಿ ಹೇಳುವ ಹುದ್ದೆ ೨೦೧೦ರಿಂದ ಖಾಲಿಯಿದೆಯೆಂದು ಹೇಳಿ ಬಾಗಿಲು ಹಾಕಿಕೊಂಡೆ.

ನೈಸ್ ರಸ್ತೆ ಹಿಡಿದು ಮಾದನಾಯಕನಹಳ್ಳಿಯ ಬಳಿ ತುಮಕೂರು ರಸ್ತೆ ಸೇರಿ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದಲ್ಲಿ ಇಳಿದೆವು. ಅಲ್ಲಿಂದ ಸಮುದ್ರವನ್ನು ಬಲಕ್ಕಿಟ್ಟುಕೊಂಡು ದಕ್ಷಿಣಕ್ಕೆ ಪ್ರಯಾಣ. ತಪ್ಪುಗಳೇನೂ ಆಗಲಿಲ್ಲವೆಂದು ಹೇಳುವುದಿಲ್ಲ. ಮುರುಡೇಶ್ವರದ ಬಳಿ ಡೇರೆ ಎಲ್ಲಿ ಹಾಕಬೇಕೆಂದು ನಿರ್ಧರಿಸಿದವಳು ನಾನು. ಬೆಳಗಿನ ಭರತದಲ್ಲಿ ನೀರು ನುಗ್ಗಿ ಎರಡು ಚಾಪೆ, ಒಂದು ಅಕ್ಕಿಯ ಚೀಲ ತೊಯ್ದವು. "ಸಮುದ್ರಕ್ಕೆ ನಿನ್ನ ಟೈಮ್‌ಟೇಬಲ್ ಕಳಸಿರಲಿಲ್ಲೇನು?" ಎಂದು ನಿನ್ನ ಅಪ್ಪ ಕೇಳಿದರು. ದಿವ್ಯಾಳ ಭುಜದ ಚರ್ಮ ಬಿಸಿಲಿಗೆ ಸುಲಿದದ್ದಕ್ಕೂ ನಾನೇ ಹೊಣೆ. ಇವೆರಡಕ್ಕೆ ಕ್ಷಮೆ ಕೇಳುತ್ತೇನೆ. ಮುಂದಿನದಕ್ಕೆ ಕೇಳುವುದಿಲ್ಲ.

ಶನಿವಾರ ಮಧ್ಯಾಹ್ನ ಮರವಂತೆಯಲ್ಲಿ, ಒಂದು ಬದಿ ಹೊಳೆ ಒಂದು ಬದಿ ಕಡಲು ಇರುವ ಆ ರಸ್ತೆಯ ಅಂಚಿನಲ್ಲಿ ಗಾಡಿ ನಿಲ್ಲಿಸಿ ಊಟಕ್ಕೆ ಕುಳಿತಿದ್ದೆವು. ನೀನು ಕೊಟ್ಟು ಕಳಿಸಿದ್ದ ಮಾದರಿ ಪ್ರಶ್ನೆಪತ್ರಿಕೆಗಳನ್ನು ದಿವ್ಯಾ ದಿನಕ್ಕೊಂದರಂತೆ ಬಿಡಿಸುತ್ತಿದ್ದಳು. ಆ ವಿಷಯದಲ್ಲಿ ನಾನು ಒಂದು ದಿನವೂ ಸಡಿಲ ಬಿಟ್ಟಿರಲಿಲ್ಲ. ಬುಧವಾರದ ಗಣಿತದಲ್ಲಿ ಅವಳಿಗೆ ಐವತ್ತಕ್ಕೆ ನಲವತ್ತೇಳು. ಶುಕ್ರವಾರ ನಲವತ್ತು. ಅಂದು ಇಪ್ಪತ್ತೆಂಟು. ಬರಬರುತ್ತ ಏಕೆ ಇಳಿಯುತ್ತಿದೆಯೆಂದು ಗದರಿಸಿದೆ. ಅವಳು ರೊಟ್ಟಿ ಮುರಿಯುತ್ತ, ತಲೆಯೆತ್ತದೆ, ಅತ್ಯಂತ ಶಾಂತವಾಗಿ ಕೇಳಿದಳು: "ಅಜ್ಜಿ, ಉತ್ತರ ಗೊತ್ತಿದ್ದೂ ಬೇಕೂಂತ ತಪ್ಪು ಬರುದ್ರೆ ಅದು ಸುಳ್ಳು ಹೇಳ್ದಂಗಾ?"

ಏಕೆ ಕೇಳುತ್ತೀಯೆ ಎಂದೆ.

"ಸುಮ್ನೆ. ಮೂವತ್ತಕ್ಕಿಂತ ಕಮ್ಮಿ ಬಂದ್ರೆ ತಗೊಳಲ್ವಂತೆ. ಎಲ್ಲಾ ತಪ್ಪು ಮಾಡುದ್ರೆ ಅಮ್ಮಂಗೆ ಡೌಟ್ ಬರತ್ತೆ. ಇಪ್ಪತ್ತೆಂಟು ಬಂದ್ರೆ ಬರಲ್ಲ, ಅಲ್ವಾ?"

ಮಗು ಅಭ್ಯಾಸ ಮಾಡುತ್ತಿತ್ತು, ಸುಮಂಗಲಾ. ಅನುಮಾನ ಬಾರದಂತೆ ಅನುತ್ತೀರ್ಣಳಾಗುವುದನ್ನು ಮೂರು ದಿನಗಳಿಂದ ಅಭ್ಯಾಸ ಮಾಡುತ್ತಿತ್ತು.

ನಕಲು ಮಾಡಿದ ಮಕ್ಕಳನ್ನು ನಾನು ಹಿಡಿದಿದ್ದೇನೆ. ಶಿಕ್ಷೆಯನ್ನೂ ಕೊಟ್ಟಿದ್ದೇನೆ. ನಕಲು ಮಾಡುವ ಮಗುವಿಗೆ ಕಡೆಗೆ ಪಾಸಾಗಬೇಕೆಂಬ ಆಸೆಯಾದರೂ ಇರುತ್ತದೆ. ತನಗೆ ತಿಳಿದದ್ದನ್ನು ತಾನೇ ಒರೆಸಿಹಾಕಲು ಕಲಿತ ಮಗುವನ್ನು ಏನು ಮಾಡಬೇಕೆಂದು ಯಾವ ತರಬೇತಿಯಲ್ಲಿಯೂ ನನಗೆ ಹೇಳಿಕೊಟ್ಟಿರಲಿಲ್ಲ. ಹೋಗಲು ಇಷ್ಟವಿಲ್ಲವೆಂದು ಅಮ್ಮನಿಗೆ ಹೇಳಿದೆಯಾ ಎಂದು ಕೇಳಿದೆ. "ಹೇಳ್ದೆ. ಅಮ್ಮ ಮೀಟಿಂಗಲ್ಲಿದ್ರು. ಆಮೇಲೆ ಮಾತಾಡಣ ಪುಟ್ಟಾ ಅಂದ್ರು," ಎಂದಳು. ಆ ಮಾತುಕತೆ ಎಂದಾಯಿತೆಂದು ನೀನೇ ಹೇಳು.

ಅಂದಿನಿಂದ ಒಂದೇ ವಿಚಾರ ನನ್ನ ತಲೆಯನ್ನು ಕೊರೆಯಿತು. ಸೋಮವಾರ ಅವಳು ಆ ಕೋಣೆಯಲ್ಲಿ ಕುಳಿತರೆ ಸುಳ್ಳು ಬರೆಯುತ್ತಾಳೆ. ಹತ್ತು ವರ್ಷದ ಮಗು ತನ್ನ ಉತ್ತರಪತ್ರಿಕೆಯ ಮೇಲೆ ಸುಳ್ಳು ಬರೆಯುವುದಕ್ಕಿಂತ, ಅರವತ್ತಮೂರು ದಾಟಿದ ನಾನು ಒಂದು ಸುಳ್ಳು ಹೇಳುವುದು ವಾಸಿಯೆನಿಸಿತು. ಈ ಲೆಕ್ಕದಲ್ಲಿ ದೋಷವಿದ್ದರೆ ನೀನು ತೋರಿಸಬಹುದು. ನಾನು ಒಂದು ವಾರದಿಂದ ಹುಡುಕುತ್ತಿದ್ದೇನೆ, ನನಗೆ ಸಿಕ್ಕಿಲ್ಲ.

ಭಾನುವಾರ ಕುಂದಾಪುರದಲ್ಲಿ ಘಟ್ಟ ಹತ್ತಲು ಎಡಕ್ಕೆ ತಿರುಗಬೇಕಿತ್ತು. ನೇರ ಹೋಗಿ ಎಂದೆ. ನಿನ್ನ ಅಪ್ಪ ಗಾಡಿಯನ್ನು ಬದಿಗೆ ನಿಲ್ಲಿಸಿದರು. "ನೇರ ಹೋದ್ರ ನಾಳೆ ಮುಂಜಾನೆ ಮುಟ್ಟೂದಿಲ್ಲ, ಗೊತ್ತೈತಿಲ್ಲೊ?" ಎಂದರು. ಗೊತ್ತಿದೆ ಎಂದೆ. "ಮಗಳಿಗೆ ಏನ್ ಹೇಳತಿ?" ಎಂದರು. ಗಾಡಿ ಕೆಟ್ಟಿತೆಂದು ಹೇಳುತ್ತೇನೆ ಎಂದೆ. ಅವರು "ನನ್ನ ಗಾಡಿಗೆ ಕೆಟ್ಟ ಹೆಸರು ತರಬ್ಯಾಡ ಮಾರಾಯ್ತಿ, ಒಂಬತ್ತ ವರ್ಷದಾಗ ಒಮ್ಮೆನೂ ನಿಂತಿಲ್ಲದು," ಎಂದು ಗೇರು ಹಾಕಿದರು.

ಅಂದು ಕಾಪುವಿನ ಮರಳಿನಲ್ಲಿ ಡೇರೆ ಹೂಡಿದೆವು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಅತ್ತ ಗಂಟೆ ಬಾರಿಸಿ ಪ್ರಶ್ನೆಪತ್ರಿಕೆ ಹಂಚುತ್ತಿದ್ದ ಹೊತ್ತಿಗೆ, ನಿನ್ನ ಮಗಳು ಎಲ್ಲಿದ್ದಳೆಂದು ತಿಳಿಯುವ ಹಕ್ಕು ನಿನಗಿದೆ. ದಡದಲ್ಲಿ ನಿಂತು ಕಡಲಿನಿಂದ ಬಲೆ ಎಳೆಯುವ ಮೀನುಗಾರರ ಸಾಲಿನಲ್ಲಿ, ಕೊನೆಯಿಂದ ಮೂರನೆಯವಳಾಗಿ ಹಗ್ಗ ಹಿಡಿದಿದ್ದಳು. ನಾನು ಕಳಿಸಿದ್ದಲ್ಲ, ತಾನೇ ಹೋಗಿ ಕೇಳಿದ್ದಳು. ಮುಂದಾಳು ಸೋಮಪ್ಪನೆಂಬುವರು ಅವಳ ಅಂಗೈಯನ್ನು ತಿರುವಿ ನೋಡಿ ಸಾಲಿನಲ್ಲಿ ಜಾಗ ಬಿಡಿಸಿದರು. ಮುಕ್ಕಾಲು ಗಂಟೆ ಎಳೆದಳು. ಎರಡು ಬಾರಿ ಬಿದ್ದಳು. ಬಿಟ್ಟು ಬಾ ಎಂದು ನಾನು ಕೂಗಿದ್ದನ್ನು ಕೇಳಿಸಿಕೊಂಡೂ ಕೇಳದಂತೆ ಇದ್ದಳು.

ಬಲೆ ಬಂದ ಮೇಲೆ ಸೋಮಪ್ಪ ಎಲ್ಲರಿಗೂ ಹಂಚುತ್ತ ಬಂದು ಅವಳ ಎರಡೂ ಕೈಗೆ ಒಂದೊಂದು ಬಂಗುಡೆ ಮೀನು ಇಟ್ಟುಬಿಟ್ಟರು. ನಮ್ಮ ಮನೆಯಲ್ಲಿ ಇದು ನಡೆಯುವುದಿಲ್ಲ ಎಂದು ನಾನು ಮುಂದೆ ಬಂದೆ. ಅವರು ನಕ್ಕು, "ತಿನ್ನುದು ಬಿಡುದು ನಿಮಗೆ ಬಿಟ್ಟದ್ದು ಅಮ್ಮ. ಹಗ್ಗ ಹಿಡಿದವರಿಗೆ ಪಾಲು ಉಂಟು. ಸಣ್ಣವಳಾದ್ರೆ ಎಂತ, ಕೈ ಹಗ್ಗದಲ್ಲಿ ಇತ್ತಲ್ಲ?" ಎಂದರು. ದಿವ್ಯಾ ಮೀನುಗಳನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತಿದ್ದಳು. ಏನು ಮಾಡಬೇಕೆಂದು ನಾನು ಹೇಳಲಿಲ್ಲ. ಅವಳು ತಾನೇ ಯೋಚಿಸಿ, ನಮಗೆ ಬಾವಿಯ ನೀರು ಕೊಟ್ಟಿದ್ದ ಮುದುಕಿಯ ಮನೆಗೆ ಹೋಗಿ ಕೊಟ್ಟು ಬಂದಳು. ಕೈಯ ವಾಸನೆ ಮೂರು ಬಾರಿ ಸಾಬೂನು ಹಾಕಿದರೂ ಹೋಗಲಿಲ್ಲ. "ಇದನ್ನ ಹಾವೇರಿ ಕಡೆ ಯಾರಿಗೂ ಹೇಳಬ್ಯಾಡ್ರಿ, ನನಗ ಪಂಕ್ತಿಯೊಳಗ ಕೂಡಸೂದಿಲ್ಲ," ಎಂದು ನಿನ್ನ ಅಪ್ಪ ಮೊಮ್ಮಗಳ ಕೈಯನ್ನು ಮೂಸಿ ನೋಡಿದರು.

ಅಂದು ಮಧ್ಯಾಹ್ನ, ಯಾರೂ ಹೇಳದೆ, ಅವಳು ಉಳಿದಿದ್ದ ಒಂದು ಪ್ರಶ್ನೆಪತ್ರಿಕೆಯನ್ನು ತೆಗೆದು ಬಿಡಿಸಿದಳು. ಐವತ್ತಕ್ಕೆ ನಲವತ್ತೊಂಬತ್ತು. ಒಂದು ಅಂಕ ಹೋದದ್ದು ನಿಜವಾದ ತಪ್ಪಿಗೆ.

ನಿನಗೆ ಈಗ ಅನಿಸುತ್ತಿರುವುದನ್ನು ಊಹಿಸಬಲ್ಲೆ. ಅವ್ವನಿಗೆ ಇಂಗ್ಲಿಷ್ ಶಾಲೆಯೆಂದರೆ ಆಗುವುದಿಲ್ಲ. ಅದಕ್ಕೇ ಅಡ್ಡಗಾಲು ಹಾಕಿದಳೆಂದು. ದಿವ್ಯಾಳನ್ನು ಈಗಲೂ ಇಂಗ್ಲಿಷ್ ಶಾಲೆಯ ಬಸ್ಸಿಗೆ ಪ್ರತಿದಿನ ಹತ್ತಿಸುವವಳು ನಾನೇ. ಆ ವಸತಿಶಾಲೆಯನ್ನು ನಾನು ಹಳಿಯುವುದಿಲ್ಲ. ಅವರ ಪ್ರಶ್ನೆಪತ್ರಿಕೆಗಳು ಬಹಳ ಚೆನ್ನಾಗಿವೆ. ನೀವಿಬ್ಬರೂ ಮನೆ ಮುಟ್ಟುವುದು ಒಂಬತ್ತು ಗಂಟೆಗೆ, ವಾರಕ್ಕೆ ಐದು ದಿನ ಮಗು ನಮ್ಮಲ್ಲಿ, ನಮಗೂ ವಯಸ್ಸಾಗುತ್ತಿದೆ: ನಿನ್ನ ಕಾರಣಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಆ ಕಾರಣಗಳನ್ನು ನೀನು ಶಾಲೆಗೆ ಹೇಳಿದ್ದೀಯೆ, ಗಂಡನಿಗೆ ಹೇಳಿದ್ದೀಯೆ, ನನಗೆ ಹೇಳಿದ್ದೀಯೆ. ಹೋಗಬೇಕಾದವಳಿಗೆ ಹೇಳಿಲ್ಲ, ಅವಳ ಉತ್ತರವನ್ನೂ ಕೇಳಿಲ್ಲ.

ಹತ್ತೊಂಬತ್ತರಂದು ಅವಳನ್ನು ಕರೆದುಕೊಂಡು ಹೋಗಬೇಕೆಂದಿದ್ದರೆ ಬೇರೆ ದಾರಿ ಹುಡುಕಿಕೋ. ತಾಯಿ ನೀನು, ನಾನು ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಶಾಲೆಯವರು ನನ್ನನ್ನೇ ಕೇಳಿದರೆ ಈ ಪತ್ರದಲ್ಲಿರುವುದನ್ನೇ ಹೇಳುತ್ತೇನೆ. ನನ್ನ ಹೆಸರು, ನನ್ನ ಮೂವತ್ತನಾಲ್ಕು ವರ್ಷ ಹನ್ನೊಂದು ತಿಂಗಳು ಆ ನಮೂನೆಯ ಕೆಳಗೆ ಬರುವುದಿಲ್ಲ.

ನವೆಂಬರಿನಲ್ಲಿ ಈ ಮಾತು ಮೊದಲು ಬಂದಾಗ ನೀನು ನನ್ನ ಅಡಿಗೆಮನೆಯಲ್ಲಿ ನಿಂತು, "ನನ್ನ ಹಾಸ್ಟೆಲ್‌ಗೆ ಹಾಕಿರ್ಲಿಲ್ವಾ ಅವ್ವಾ? ನಾನೇನು ಸತ್ತೋದ್ನಾ?" ಎಂದಿದ್ದೆ. ಒಗ್ಗರಣೆ ಸೀದುಹೋಗುತ್ತಿದೆಯೆಂದು ನೆಪ ಹೇಳಿ ನಾನು ಒಲೆಯ ಕಡೆ ತಿರುಗಿದೆ.

ನಿನ್ನ ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು ನಿನ್ನ ಅವ್ವ,
ನೀಲಾಂಬಿಕಾ

ವಿ. ಸೂ.: ಒಲೆಯ ಮೇಲೆ ಅಂದು ಒಗ್ಗರಣೆಯೇ ಇರಲಿಲ್ಲ. ೧೯೮೬ರಲ್ಲಿ ನಿನಗೂ ಹತ್ತು ವರ್ಷ. ನಾನು ಹಿರೇಕೆರೂರಿನ ಕಡೆಯ ಹಳ್ಳಿಯಲ್ಲಿ, ನಿನ್ನ ಅಪ್ಪ ಪೀಣ್ಯದ ಒಂದು ಕೋಣೆಯಲ್ಲಿ ಆರು ಜನರೊಂದಿಗೆ. ವರ್ಗಾವಣೆ ಸಿಗುವವರೆಗೆ ಎಂದು ನಿನ್ನನ್ನು ಧಾರವಾಡದ ಹಾಸ್ಟೆಲಿನಲ್ಲಿ ಬಿಟ್ಟೆವು. ಅದು ಸಿಗಲು ನಾಲ್ಕು ವರ್ಷ ಹಿಡಿಯಿತು. ಪ್ರತಿ ಭಾನುವಾರ ನೀನು ಬರೆಯುತ್ತಿದ್ದ ಪತ್ರಗಳನ್ನು ನಾನು ಕೆಂಪು ಶಾಯಿಯಿಂದ ತಿದ್ದಿ ನಿನಗೇ ಹಿಂದಕ್ಕೆ ಕಳಿಸುತ್ತಿದ್ದೆ. ಅಕ್ಷರ ದುಂಡಗಾಗಲೆಂದು. ಒಂದನ್ನು ಮಾತ್ರ ತಿದ್ದಿದ ಮೇಲೆ ಕಳಿಸಲಾಗಲಿಲ್ಲ. ಅದರಲ್ಲಿ ನೀನು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದೆ. ಇಪ್ಪತ್ತೇಳು ವರ್ಷದಿಂದ ಅದು ನನ್ನ ಸೇವಾ ಕಾಗದಗಳ ಜೊತೆಯಲ್ಲಿತ್ತು. ಅದಕ್ಕೆ ಅಂದು ಕೊಡಬೇಕಾಗಿದ್ದ ಉತ್ತರ, "ಬರುತ್ತೇನೆ, ಕರೆದುಕೊಂಡು ಹೋಗುತ್ತೇನೆ" ಎಂಬುದು. ನೀನು ಸತ್ತುಹೋಗಲಿಲ್ಲ, ನಿಜ. ಆದರೆ ಆ ಶ್ರಾವಣದಿಂದ ಈಚೆಗೆ ನೀನು ನನ್ನನ್ನು ಏನನ್ನೂ ಬೇಡಿಲ್ಲ. ನಿನ್ನೆ ಕೇಳಿದ ಈ ಸಹಿಯೇ ಮೊದಲನೆಯದು. ಅದನ್ನೂ ನಾನು ಕೊಡುತ್ತಿಲ್ಲ.

ಲಗತ್ತುಗಳು:

೧. ನೀನು ಕಳಿಸಿದ ಹೇಳಿಕೆಯ ನಮೂನೆ, ಸಹಿಯಿಲ್ಲದೆ.

೨. ಕಾಪು ಬಳಿಯ ಪೆಟ್ರೋಲ್ ಬಂಕಿನ ರಸೀದಿ, ೩೦-೧೨-೨೦೧೩, ಬೆಳಿಗ್ಗೆ ೭.೪೦. ಗಾಡಿ ಓಡುತ್ತಿತ್ತೆಂಬುದಕ್ಕೆ.

೩. ದಿವ್ಯಾ ಬಿಡಿಸಿದ ಗಣಿತ ಪತ್ರಿಕೆಗಳು, ನಾಲ್ಕು: ೪೭, ೪೦, ೨೮, ೪೯.

೪. ಕು. ಸುಮಂಗಲಾ ಹೊಸಮನಿ, ಐದನೆಯ ತರಗತಿ, ಧಾರವಾಡದಿಂದ ೧೯೮೬ರ ಆಗಸ್ಟಿನಲ್ಲಿ ಬರೆದ ಪತ್ರ, ಒಂದು ಹಾಳೆ, ಕೆಂಪು ಗುರುತುಗಳ ಸಹಿತ.

೫. ದಿವ್ಯಾ ತನ್ನ ಅಮ್ಮನಿಗೆ ಬರೆದ ಪತ್ರ, ಅಂಟಿಸಿದ ಲಕೋಟೆಯಲ್ಲಿ. ಎಷ್ಟು ಹಾಳೆಗಳೆಂದು ನನಗೆ ತಿಳಿಯದು. ನಾನು ತೆರೆದಿಲ್ಲ.